ನುಡಿ ಕಡತ ಯೂನಿಕೋಡ್‌ಗೆ: ಹುಡುಕಿ ಬದಲಿಸುವುದನ್ನು ಬಿಟ್ಟು ಅಕ್ಷರ ಕಟ್ಟಿದ್ದು

ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿರುವ ಪುಸ್ತಕವನ್ನು ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಬರೆದು ಈಗ ಎಲ್ಲೆಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ತಂದರೆ ಪುಟಕ್ಕೆ ನಾಲ್ಕೈದು ತಪ್ಪು ಉಳಿದೇ ಉಳಿಯುತ್ತದೆ, ಅದಕ್ಕಿಂತ ಮತ್ತೆ ಟೈಪ್ ಮಾಡಿಸುವುದೇ ಮೇಲು ಎಂದು ಡಿಟಿಪಿಯಲ್ಲಿ ಪಳಗಿದವರೇ ಹೇಳುತ್ತಿದ್ದರು. ಅವರು ನೋಡಿದ್ದ ಸ್ಕ್ರಿಪ್ಟ್‌ಗಳ ಮಟ್ಟಿಗೆ ಅದು ನಿಜ. ಈಗ ನನ್ನ ಪೈಥಾನ್ ಸ್ಕ್ರಿಪ್ಟ್‌ನಿಂದ ಹೊರಬಂದ ಪಠ್ಯದಲ್ಲಿ ಪರಿವರ್ತನೆಯಿಂದಲೇ ಆದ ತಪ್ಪು ನೂರು ಪುಟಕ್ಕೆ ಒಂದೆರಡು ಸಿಕ್ಕರೆ ಹೆಚ್ಚು. ಉಳಿದವು ಮೂಲದಲ್ಲೇ ಇದ್ದ ಅಚ್ಚಿನ ತಪ್ಪುಗಳು.

ಮೊದಲು ದುಡ್ಡಿನ ಲೆಕ್ಕ. ಮರು ಟೈಪಿಂಗ್‌ಗೆ ಸಿಕ್ಕ ದರ ಪುಟಕ್ಕೆ 25ರಿಂದ 30 ರೂಪಾಯಿ, ಕರಡು ತಿದ್ದುವುದಕ್ಕೆ ಮತ್ತೆ 8–10. ನಾಲ್ಕುನೂರು ಪುಟದ ಒಂದು ಪುಸ್ತಕಕ್ಕೆ ಹತ್ತಿರಹತ್ತಿರ 15,000. ಕೈಯಲ್ಲಿದ್ದದ್ದು ನಲವತ್ತರಷ್ಟು ಶೀರ್ಷಿಕೆ. ಅಷ್ಟಕ್ಕೂ ಟೈಪಿಂಗ್ ಎಂದರೆ ಸಣ್ಣ ಪ್ರಕಾಶನಕ್ಕೆ ಆಗದ ಮಾತು. ಸ್ಕ್ರಿಪ್ಟ್‌ಗೆ ಬೇಕಾದದ್ದು ಹಳೆಯ ಲ್ಯಾಪ್‌ಟಾಪ್, ಪೈಥಾನ್ ಭಾಷೆ, ವರ್ಡ್ ಕಡತ ಓದುವ ಪೈಥಾನ್-ಡಾಕ್ಸ್ ಲೈಬ್ರರಿ. ಎಲ್ಲ ಪುಕ್ಕಟೆ. ಖರ್ಚಾದದ್ದು ಮೊದಲ ಮೂರು ಪುಸ್ತಕಗಳನ್ನು ಸಾಲುಸಾಲಾಗಿ ಮೂಲದ ಜೊತೆ ಹೋಲಿಸಿ ನೋಡಿದ ಕರಡು ತಿದ್ದುವವರ ಸಂಭಾವನೆ. ಆ ದುಡ್ಡನ್ನು ಉಳಿಸಲು ಹೋಗಬೇಡಿ. ಮುಂದಿನ ಎಲ್ಲ ಪುಸ್ತಕಗಳ ಭರವಸೆ ನಿಂತಿರುವುದು ಆ ಮೂರರ ಮೇಲೆ.

ಇನ್ನು ಮುಂದೆ ಅಕ್ಷರಗಳ ಬದಲು ಸಂಖ್ಯೆಗಳನ್ನೇ ಬರೆಯುತ್ತೇನೆ. ಪೈಥಾನ್‌ನ ಆರ್ಡ್ ಫಂಕ್ಷನ್ ಕೊಡುವ ದಶಮಾಂಶ ಸಂಖ್ಯೆ ಅದು. ಆಸ್ಕಿ ನುಡಿಯಲ್ಲಿ 'ಕನ್ನಡ' ಎಂದರೆ 80, 192, 163, 192, 223, 113, 192. ಇಲ್ಲಿ 192 ತಲಕಟ್ಟು, 223 ನ ಒತ್ತು. ಅಂದರೆ ಕಡತದಲ್ಲಿ ಇರುವುದು ಅಕ್ಷರವಲ್ಲ, ಅಚ್ಚುಮೊಳೆಯ ತುಂಡುಗಳು, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಇರುವ ಜಾಗ 3200ರಿಂದ 3327, ಅಲ್ಲಿ ಕ್ರಮ ಉಚ್ಚಾರಣೆಯದ್ದು. ತೊಂದರೆಯೆಲ್ಲ ಹುಟ್ಟುವುದು ಈ ಎರಡು ಕ್ರಮಗಳ ನಡುವೆ.

ಎಲ್ಲರೂ ಮೊದಲು ಮಾಡುವುದು ಒಂದು ಪಟ್ಟಿ ಇಟ್ಟುಕೊಂಡು ರಿಪ್ಲೇಸ್ ಮೇಲೆ ರಿಪ್ಲೇಸ್ ಓಡಿಸುವುದು. ಅದು ಕೆಡುವ ಜಾಗ ಗೊತ್ತಿರಲಿ. ಈ ಫಾಂಟ್‌ಗಳಲ್ಲಿ ಮ ಎಂಬುದಕ್ಕೆ ಬೇರೆ ಮೊಳೆಯೇ ಇಲ್ಲ. 170, 192 ಬಂದರೆ ವ, ಅದರ ಮುಂದೆ 196 ಬಂದರೆ ಮ. ಅದೇ 196 ಬೇರೆ ವ್ಯಂಜನದ ಮುಂದೆ ಬಂದರೆ ಕೊಂಬು. ಕೊಂಬಿನ ಸಾಲು ಪಟ್ಟಿಯಲ್ಲಿ ಮೊದಲು ಬಂತೋ, 'ಮನೆ' ಹೋಗಿ 'ವುನೆ' ಆಗುತ್ತದೆ. ನಿಜವಾದ 'ವು' ಬರೆಯಲು ಫಾಂಟ್ ಮಾಡಿದವರು ಬಳಸಿರುವುದು 197. 'ಪು'ವಿಗೂ ಅದೇ. ಯ ಇನ್ನೂ ಬಿಗಿ: 65, 105, 192, 196. ಆದರೆ 65 ಒಂಟಿಯಾಗಿ ಇದ್ದರೆ ಅನುಸ್ವಾರ. 170, 201, 198 ಎಂದರೆ ಮೊ, 170, 201, 199 ಎಂದರೆ ವೊ. ಒಂದೊಂದೇ ಅಕ್ಷರ ಬದಲಿಸುವ ಪೈಥಾನ್‌ನ ಟ್ರಾನ್ಸ್‌ಲೇಟ್ ಮೆಥಡ್ ಇಲ್ಲಿ ಉಪಯೋಗಕ್ಕೆ ಬಾರದು. ಅದರ ಕೀಲಿ ಒಂದೇ ಸಂಖ್ಯೆ ಆಗಿರಬೇಕು, ನಮಗೆ ಬೇಕಿರುವುದು ಎರಡು, ಮೂರು, ನಾಲ್ಕರ ಗುಂಪು.

ಗುಂಪುಗಳನ್ನು ಉದ್ದದಿಂದ ಚಿಕ್ಕದಕ್ಕೆ ಜೋಡಿಸಿ, ಎಲ್ಲವನ್ನೂ ಒಂದೇ ರೆಗ್ಯುಲರ್ ಎಕ್ಸ್‌ಪ್ರೆಷನ್ (ಹುಡುಕಬೇಕಾದ ಮಾದರಿಯ ಸೂತ್ರ) ಮಾಡಿ ಕಂಪೈಲ್ ಮಾಡಿದರೆ ಈ ಗೋಜಲು ಮುಗಿಯಿತು. ಎಡದಿಂದ ಬಲಕ್ಕೆ ಒಂದೇ ಓಟ, ಒಮ್ಮೆ ಬದಲಾದದ್ದನ್ನು ಇನ್ನೊಂದು ಸಾಲು ಮುಟ್ಟುವುದಿಲ್ಲ. ನಾನೂರು ಪುಟದ ಪುಸ್ತಕ ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ.

ಇಷ್ಟಕ್ಕೇ ನಿಂತರೆ ಒತ್ತಕ್ಷರ ಕೈಕೊಡುತ್ತದೆ. 'ಸ್ತ್ರೀ' ಆಸ್ಕಿಯಲ್ಲಿ 185, 219, 231, 195. ಸಿ, ತ ಒತ್ತು, ರ ಒತ್ತು, ಕೊನೆಗೆ ದೀರ್ಘ. ಗುಡಿಸು ಮೊದಲೇ ಬಂದಿದೆ, ದೀರ್ಘ ಕಟ್ಟಕಡೆಗೆ, ನಡುವೆ ಎರಡು ಒತ್ತು. ಇದನ್ನು ಪಠ್ಯದ ಮೇಲೆ ಪಠ್ಯ ಬದಲಿಸುತ್ತ ಸರಿಮಾಡಲು ಹೊರಟವರು ಪ್ರತಿ ಹೊಸ ಪುಸ್ತಕಕ್ಕೂ ಹತ್ತು ವಿನಾಯಿತಿ ಸೇರಿಸುತ್ತ ಹೋಗುತ್ತಾರೆ. ನಾನು ಅದನ್ನು ಬಿಟ್ಟು, ಪ್ರತಿ ಅಕ್ಷರಕ್ಕೂ ಒಂದು ಡಿಕ್ಷನರಿ, ಅಂದರೆ ಪೈಥಾನ್‌ನಲ್ಲಿ ಹೆಸರಿಟ್ಟ ಖಾನೆಗಳ ಪೆಟ್ಟಿಗೆ, ಇಟ್ಟೆ. ಅದರಲ್ಲಿ ಖಾನೆಗಳು: ಅರ್ಕಾವತ್ತು, ಮೂಲ ವ್ಯಂಜನ, ಒತ್ತುಗಳ ಲಿಸ್ಟ್, ಕಾಗುಣಿತ ಚಿಹ್ನೆ, ದೀರ್ಘ, ಕೊನೆಗೆ ಅನುಸ್ವಾರ ಅಥವಾ ವಿಸರ್ಗ. ತುಂಡು ಯಾವ ಕ್ರಮದಲ್ಲೇ ಬರಲಿ, ತನ್ನ ಖಾನೆಗೆ ಹೋಗಿ ಬೀಳುತ್ತದೆ. ಹೊಸ ವ್ಯಂಜನವೋ ಸ್ವರವೋ ಖಾಲಿ ಜಾಗವೋ ಬಂದಾಗ ಹಿಂದಿನ ಡಿಕ್ಷನರಿಯನ್ನು ಖಾನೆಗಳ ಕ್ರಮದಲ್ಲಿ ಬರೆದು ಹಾಕುವುದು. ಒತ್ತು ಬರೆಯುವಾಗ ಪ್ರತಿಯೊಂದರ ಮುಂಚೆ 3277, ಅಂದರೆ ಹಲಂತ. ಇಷ್ಟೇ. ಈ ಒಂದು ಬದಲಾವಣೆಯಿಂದ ವಿನಾಯಿತಿಗಳ ಪಟ್ಟಿ ಎರಡು ಪುಟದಿಂದ ಏಳೆಂಟು ಸಾಲಿಗೆ ಇಳಿಯಿತು.

ಅರ್ಕಾವತ್ತು 240. ಅದು ಕಡತದಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ ಮತ್ತು ಹಲಂತವಾಗಿ ಮೊದಲು ಬರಬೇಕು. 'ಸಾಮರ್ಥ್ಯ' ಬರೆದವರಲ್ಲಿ ಕೆಲವರು ಯ ಒತ್ತು ಮೊದಲು ಹಾಕಿ ಅರ್ಕ ಆಮೇಲೆ, ಕೆಲವರು ಅರ್ಕ ಮೊದಲು. ಖಾನೆ ಇದ್ದರೆ ಎರಡೂ ಒಂದೇ. 'ಪಾರ್ಕ್', 'ಸಾಫ್ಟ್' ಥರದ ಪದಗಳಲ್ಲಿ ಹಲಂತದ ಮೊಳೆ 239 ವ್ಯಂಜನಕ್ಕೆ ಅಂಟಿಕೊಂಡು, ಅದರ ಮುಂದೆ ಅರ್ಕ ಅಥವಾ ಒತ್ತು ಇರುತ್ತದೆ. 239ನ್ನು ಕಾಗುಣಿತದ ಖಾನೆಗೆ ಹಾಕಿದರೆ ಅದೂ ತಾನಾಗಿ ಕೊನೆಗೆ ಹೋಗಿ ಕೂರುತ್ತದೆ.

ದೀರ್ಘಕ್ಕೆ ನಾನು ಬೇರೆ ಕೋಷ್ಟಕವನ್ನೇ ಮಾಡಲಿಲ್ಲ. 195 ಬಂದರೆ 3285, ಐತ್ವದ 202 ಬಂದರೆ 3286 ಎಂದು ಹಾಗೇ ಬರೆದುಬಿಡುವುದು. ಎತ್ವದ ಮುಂದೆ 198 ಬಂದರೆ 3266. ಕೊನೆಯಲ್ಲಿ ಪೂರ್ತಿ ಪಠ್ಯವನ್ನು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಜ್‌ಗೆ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ರೂಪ) ಎಂದು ಹೇಳಿ ಕೊಟ್ಟರೆ ಗುಡಿಸು ಮತ್ತು ದೀರ್ಘ ಸೇರಿ 3264, ಎತ್ವ ಮತ್ತು 3266 ಸೇರಿ ಒತ್ವ, ಅದಕ್ಕೆ ದೀರ್ಘ ಸೇರಿ ಓತ್ವ, ಎಲ್ಲ ಸರಿಯಾಗಿ ಕೂಡಿಕೊಳ್ಳುತ್ತವೆ. ಆದರೆ ಅವು ಪಕ್ಕಪಕ್ಕದಲ್ಲೇ ಇರಬೇಕು. ನಡುವೆ ಒತ್ತು ಸಿಕ್ಕಿಕೊಂಡಿದ್ದರೆ ಎನ್‌ಎಫ್‌ಸಿ ಮುಟ್ಟುವುದಿಲ್ಲ. ಹಾಗಾಗಿ ಈ ಉಪಾಯ ಖಾನೆ ಪದ್ಧತಿಗೆ ಮಾತ್ರ ಒಗ್ಗುತ್ತದೆ.

ಮುಂದಿನ ಎರಡು ಸೂಕ್ಷ್ಮಗಳನ್ನು ಹೆಚ್ಚಿನ ಸ್ಕ್ರಿಪ್ಟ್‌ಗಳು ಬಿಟ್ಟುಬಿಡುತ್ತವೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಬೇರೆ, ಕು ಬೇರೆ. ಹಲಂತದ ಮೊಳೆಯನ್ನು ಬರೀ 3277 ಮಾಡಿದರೆ ಅದು ಮುಂದಿನ ಕ ಕಾರವನ್ನು ಒತ್ತು ಮಾಡಿ 'ರಾಜ್ಕುಮಾರ್' ಆಗುತ್ತದೆ. ಅದೇ ಪದದೊಳಗೆ 239ರ ನಂತರ ವ್ಯಂಜನ ಬಂದರೆ ನಡುವೆ 8204 ಹಾಕಬೇಕು, ಕಣ್ಣಿಗೆ ಕಾಣದೆ ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ ಅದು. ಇನ್ನೊಂದು, ರ ಮೂಲವಾಗಿ ನಿಂತು ಕೆಳಗೆ ಯ ಒತ್ತು ಬರುವ 'ರ‍್ಯಾಂಕ್', 'ರ‍್ಯಾಲಿ'. ಇಲ್ಲಿ ರ, 8205 (ಕಣ್ಣಿಗೆ ಕಾಣದ ಜೋಡಿಸುವ ಚಿಹ್ನೆ), 3277, ಯ ಎಂದು ಬರೆಯಬೇಕು. 8205 ಇಲ್ಲದಿದ್ದರೆ ಅರ್ಕಾವತ್ತಾಗಿ ತಿರುಗುತ್ತದೆ. ಮೂಲ ರ ಆಗಿದ್ದು ಒತ್ತಿನ ಖಾನೆ ತುಂಬಿದ್ದರೆ 8205 ಹಾಕು ಎಂಬ ಒಂದೇ ಸಾಲು ಸಾಕು.

ಕಡತ ಓದುವಾಗಲೇ ಕೆಡುವುದೂ ಉಂಟು. ಬರೀ ಟೆಕ್ಸ್ಟ್ ಕಡತವಾದರೆ ಎನ್‌ಕೋಡಿಂಗ್ (ಯಾವ ಬೈಟ್ ಯಾವ ಅಕ್ಷರ ಎಂಬ ಪಟ್ಟಿ) ಹೇಳದೆ ತೆರೆಯಬೇಡಿ. ವಿಂಡೋಸ್‌ನ ಸಿಪಿ-1252 ಎಂದು ತೆರೆದರೆ 129, 141, 143, 144, 157 ಬಂದಲ್ಲಿ ಪೈಥಾನ್ ಎರರ್ ಕೊಟ್ಟು ನಿಲ್ಲುತ್ತದೆ. ಲ್ಯಾಟಿನ್-1 ಎಂದರೆ ನಿಲ್ಲುವುದಿಲ್ಲ, ಆದರೆ ಉದ್ಧರಣ ಚಿಹ್ನೆಗಳು 145, 146 ಆಗಿಯೇ ಉಳಿಯುತ್ತವೆ, 8216, 8217 ಆಗುವುದಿಲ್ಲ. ನಾನು ಲ್ಯಾಟಿನ್-1ರಲ್ಲಿ ತೆರೆದು, 128ರಿಂದ 159ರವರೆಗಿನವನ್ನು ಮಾತ್ರ ಪ್ರತ್ಯೇಕವಾಗಿ ಬದಲಿಸುತ್ತೇನೆ. ಇಲ್ಲಿ ಒಂದಕ್ಕೊಂದು ಬದಲಿ ಆದ್ದರಿಂದ ಟ್ರಾನ್ಸ್‌ಲೇಟ್ ಚೆನ್ನಾಗಿ ನಡೆಯುತ್ತದೆ. ಪೇಜ್‌ಮೇಕರ್ ಕಡತಗಳನ್ನು ಆರ್‌ಟಿಎಫ್ ಆಗಿ ಹೊರತೆಗೆದುಕೊಂಡೆ. ಅದರಲ್ಲಿ 127 ದಾಟಿದ ಸಂಖ್ಯೆಗಳು ಹಿಂದೋರೆ, ಅಪಾಸ್ಟ್ರಫಿ ಮತ್ತು ಎರಡು ಹೆಕ್ಸ್ ಅಂಕಿಯಾಗಿ ಕೂತಿರುತ್ತವೆ, ಬಿಡಿಸುವುದು ಸುಲಭ.

ಡಾಕ್ಸ್ ಕಡತ ಬೇರೆಯೇ ಕಥೆ. ವರ್ಡ್ ಒಂದೇ ಪದವನ್ನು ಎರಡು ಮೂರು ರನ್ (ಒಂದೇ ವಿನ್ಯಾಸದ ಪಠ್ಯದ ತುಂಡು) ಆಗಿ ಒಡೆದಿಟ್ಟಿರುತ್ತದೆ, ತಿದ್ದಿದ ಜಾಗದಲ್ಲಂತೂ ಖಂಡಿತ. ವ್ಯಂಜನ ಒಂದು ರನ್‌ನಲ್ಲಿ, ಅದರ ಒತ್ತು ಇನ್ನೊಂದರಲ್ಲಿ. ರನ್ ರನ್ ಆಗಿ ಬದಲಿಸಿದರೆ ಒತ್ತು ತಬ್ಬಲಿ. ಪಕ್ಕಪಕ್ಕದ ರನ್‌ಗಳ ಫಾಂಟ್, ದಪ್ಪ, ಓರೆ ಒಂದೇ ಇದ್ದರೆ ಮೊದಲು ಕೂಡಿಸಿ, ಆಮೇಲೆ ಬದಲಿಸಿ. ರನ್‌ನ ಫಾಂಟ್ ಹೆಸರು ಕೇಳಿದರೆ ಹಲವು ಸಲ 'ನನ್' (ಏನೂ ಇಲ್ಲ) ಎಂದು ಬರುತ್ತದೆ. ಅಂದರೆ ಫಾಂಟ್ ಸ್ಟೈಲ್‌ನಿಂದ ಬಂದಿದೆ, ಅಲ್ಲಿಗೆ ಹೋಗಿ ಹುಡುಕಬೇಕು. ಡಾಕ್ಯುಮೆಂಟ್‌ನ ಪ್ಯಾರಾಗಳ ಪಟ್ಟಿಯಲ್ಲಿ ಕೋಷ್ಟಕದ ಒಳಗಿನ ಪ್ಯಾರಾ ಸೇರುವುದಿಲ್ಲ, ಅವನ್ನು ಬೇರೆಯಾಗಿ ಸುತ್ತಬೇಕು. ಡಾಕ್ಸ್ ಎಂದರೆ ಒಂದು ಜಿಪ್, ಅಡಿಟಿಪ್ಪಣಿಗಳು ಇರುವುದು ಅದರ ಒಳಗಿನ ಇನ್ನೊಂದು ಎಕ್ಸ್‌ಎಂಎಲ್ ಕಡತದಲ್ಲಿ. ನಾನು ಜಿಪ್‌ಫೈಲ್‌ನಿಂದ ತೆರೆದು ಎಲ್‌ಎಕ್ಸ್‌ಎಂಎಲ್‌ನಲ್ಲಿ ಓದುತ್ತೇನೆ. ಸಂಶೋಧನಾ ಗ್ರಂಥಗಳಲ್ಲಿ ಅಡಿಟಿಪ್ಪಣಿಯೇ ಕಾಲು ಪುಸ್ತಕ ಇರುತ್ತದೆ, ಬಿಡುವ ಹಾಗಿಲ್ಲ.

ಇಂಗ್ಲಿಷ್ ಪದಗಳು ಇಂಗ್ಲಿಷ್ ಫಾಂಟ್‌ನಲ್ಲೇ ಇದ್ದರೆ ರನ್ ನೋಡಿ ಬಿಟ್ಟುಬಿಡಬಹುದು. ಬರೀ ಟೆಕ್ಸ್ಟ್ ಕಡತದಲ್ಲಿ ಆ ಸುಳಿವೂ ಇಲ್ಲ, ಇಂಗ್ಲಿಷ್ ಪದವೂ ಸಂಖ್ಯೆಗಳ ಸಾಲೇ, ಕನ್ನಡವೂ ಸಂಖ್ಯೆಗಳ ಸಾಲೇ. ಕನ್ನಡ ಪದದಲ್ಲಿ 192 ಅಥವಾ ಅದನ್ನು ದಾಟಿದ ಸಂಖ್ಯೆ ಸಾಮಾನ್ಯವಾಗಿ ಒಂದಾದರೂ ಇರುತ್ತದೆ ಎಂಬುದು ಮೊದಲ ಜರಡಿ. ಎರಡನೆಯ ಜರಡಿ ನನ್ನ ಬಳಿಯೇ ಇರಲಿ. ಇನ್ನೊಬ್ಬರಿಗೆ ಕೆಲಸ ಮಾಡಿಕೊಡುವಾಗ ನನಗೆ ದರ ಸಿಗುವುದು ಅದರಿಂದಲೇ.

ಫಲಿತಾಂಶ ಸರಿಯಿದೆಯೇ ಎಂದು ನೋಡಲು ಎರಡು ದಾರಿ. ಒಂದು, ಬಂದ ಯೂನಿಕೋಡನ್ನು ಮತ್ತೆ ಆಸ್ಕಿಗೆ ತಿರುಗಿಸಿ ಮೂಲದ ಜೊತೆ ಪೈಥಾನ್‌ನ ಡಿಫ್‌ಲಿಬ್‌ನಲ್ಲಿ ಹೋಲಿಸುವುದು. ಅರ್ಕಾವತ್ತು, ಒತ್ತುಗಳ ಹಿಂದುಮುಂದು ಮಾತ್ರ ವ್ಯತ್ಯಾಸವಾಗಿ ಕಾಣಬೇಕು. ಬೇರೇನಾದರೂ ಕಂಡರೆ ಕೋಷ್ಟಕದಲ್ಲಿ ಸಾಲು ಬಿಟ್ಟುಹೋಗಿದೆ. ಎರಡು, ಕನ್ನಡದಲ್ಲಿ ಇರಲಾರದ ಜೋಡಣೆಗಳನ್ನು ಹುಡುಕುವುದು: ಸ್ವರದ ಮೇಲೆ ಕಾಗುಣಿತ ಚಿಹ್ನೆ, ಎರಡು ಚಿಹ್ನೆ ಒಟ್ಟಿಗೆ, ಚಿಹ್ನೆಯಿಂದ ಶುರುವಾಗುವ ಪದ. ಇವನ್ನು ಪೈಥಾನ್‌ನಲ್ಲಿ ಎಣಿಸಿಕೊಡುವ ಕೌಂಟರ್‌ಗೆ ಹಾಕಿ ಹೆಚ್ಚಿನದ್ದು ಮೊದಲು ಬರುವಂತೆ ಪಟ್ಟಿ ಮಾಡಿದರೆ ಒಂದು ತಪ್ಪು ತಿದ್ದಿದ್ದಕ್ಕೆ ನೂರಾರು ಜಾಗ ಸರಿಯಾಗುತ್ತದೆ. ಲೇಖಕರು ಈಗ ಯೂನಿಕೋಡ್‌ನಲ್ಲೇ ಕಳಿಸುವ ಕಡತಗಳಿಗೂ ಇದೇ ಜರಡಿ ಹಿಡಿಯುತ್ತೇನೆ. ಅನುಸ್ವಾರದ 3202 ಇರಬೇಕಾದಲ್ಲಿ ಸೊನ್ನೆಯ 3302 ಸಿಗುವುದು ಬಹಳ. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಪದ ಸಿಗುವುದಿಲ್ಲ.

ಪದ ಎಣಿಸಲು ಕೂತವರು ಇದನ್ನು ಗಮನಿಸಿ. ಪೈಥಾನ್‌ನ ರೀ ಮಾಡ್ಯೂಲ್‌ನಲ್ಲಿ ಪದದ ಅಕ್ಷರ ಎಂದು ಹಿಂದೋರೆ-ಡಬ್ಲ್ಯು ಕೊಟ್ಟರೆ ಅದು ಕಾಗುಣಿತ ಚಿಹ್ನೆ, ಹಲಂತಗಳನ್ನು ಸೇರಿಸಿಕೊಳ್ಳುವುದಿಲ್ಲ. 'ಕನ್ನಡ' ಎಂಬ ಒಂದು ಪದ 'ಕನ', 'ನಡ' ಎಂದು ಎರಡಾಗುತ್ತದೆ. 3200–3327ರ ಸಾಲನ್ನೂ 8204, 8205ನ್ನೂ ನೀವೇ ಚೌಕ ಆವರಣದಲ್ಲಿ ಕೊಡಿ. ಉದ್ದ ಹೇಳುವ ಲೆನ್ ಕೇಳಿದರೆ 'ಸ್ತ್ರೀ' 6 ಎನ್ನುತ್ತದೆ, ಯುಟಿಎಫ್-8ರಲ್ಲಿ ಅದೇ 18 ಬೈಟ್. ಶೀರ್ಷಿಕೆಯನ್ನು ಮೊದಲ 20ಕ್ಕೆ ಕತ್ತರಿಸಿದರೆ ಅಕ್ಷರದ ಮಧ್ಯೆ ಕತ್ತರಿ ಬೀಳಬಹುದು. ವ್ಯಂಜನ, ಅದರ ಮುಂದೆ ಹಲಂತ-ವ್ಯಂಜನದ ಜೋಡಿ ಎಷ್ಟಾದರೂ, ಬಂದರೆ ಚಿಹ್ನೆ, ಬಂದರೆ ಅನುಸ್ವಾರ ಎಂದು ಒಂದು ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆದುಕೊಂಡರೆ ಅಕ್ಷರಕ್ಕೆ ಅಕ್ಷರ ಬಿಡಿಸಬಹುದು.

ಆ ಸಾಲು ಕೈಗೆ ಬಂದ ಮೇಲೆ ಪಕ್ಕದ ಪ್ರಯೋಗ ಒಂದನ್ನೂ ಮಾಡಿದೆ. ಪದಗಳನ್ನು ಅಕ್ಷರವಾರು ತಿರುಗಿಸಿ ವಿಂಗಡಿಸಿದರೆ ಒಂದೇ ಪ್ರತ್ಯಯದವು ಒಟ್ಟಿಗೆ ಬಂದು ಕೂರುತ್ತವೆ. 'ಮನೆಯಲ್ಲಿ', 'ಹೊಳೆಯಲ್ಲಿ' ಪಕ್ಕಪಕ್ಕ, ಗುಡಿಸು ಬಿದ್ದುಹೋಗಿ 'ಯಲ್ಲ' ಆದದ್ದು ಅವುಗಳ ಗುಂಪಿನಿಂದ ಹೊರಗೆ ನಿಂತು ತಟ್ಟನೆ ಕಣ್ಣಿಗೆ ಬೀಳುತ್ತದೆ. ಪ್ರತ್ಯಯ ಕತ್ತರಿಸಿ ಮೂಲಪದ ತೆಗೆಯಲು ಇದನ್ನೇ ಮುಂದುವರಿಸಿದ್ದು ಫಲಿಸಲಿಲ್ಲ. ಸಂಧಿಯಲ್ಲಿ ಬಂದ ಯ, ವಗಳನ್ನು ಬಿಡಿಸಲು ಬರೀ ಕತ್ತರಿ ಸಾಲದು, ನಿಘಂಟೇ ಬೇಕು.

ಮೂಲ ಕಡತ ಕಳೆದುಹೋಗಿ ಪಿಡಿಎಫ್ ಮಾತ್ರ ಉಳಿದ ಪುಸ್ತಕಗಳಲ್ಲಿ ಪಠ್ಯ ಹೊರತೆಗೆಯುವ ಪಿಡಿಎಫ್‌ಟುಟೆಕ್ಸ್ಟ್ ಓಡಿಸಿ ನೋಡಿ. ಯೂನಿಕೋಡ್ ಫಾಂಟ್‌ನ ಪಿಡಿಎಫ್‌ಗಿಂತ ಆಸ್ಕಿ ಫಾಂಟ್‌ನದ್ದೇ ಹಲವು ಸಲ ಚೆನ್ನಾಗಿ ಹೊರಬರುತ್ತದೆ. ಮೊಳೆಗೊಂದು ಸಂಖ್ಯೆ ಹಾಗೇ ಉಳಿದಿರುವುದು ಅದಕ್ಕೆ ಕಾರಣ. ಅದೂ ಇಲ್ಲದಿದ್ದರೆ ಪುಟದ ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್. ಅದಕ್ಕೆ ಕನ್ನಡ ಗೊತ್ತು, ಆದರೆ ಒತ್ತುಗಳಲ್ಲಿ ಎಡವುತ್ತದೆ, ಕರಡು ತಿದ್ದುವ ಖರ್ಚು ಪುಟಕ್ಕೆ 15 ರೂಪಾಯಿ ದಾಟುತ್ತದೆ.

ಪದಸೂಚಿ ಮಾಡುವಾಗ ಪೈಥಾನ್‌ನ ವಿಂಗಡಿಸುವ ಸಾರ್ಟೆಡ್ ಅನ್ನು ಹಾಗೇ ಬಿಟ್ಟರೂ ಕನ್ನಡದ ಕ್ರಮ ಬಹುಪಾಲು ಸರಿಯಾಗಿ ಬರುತ್ತದೆ, ಯೂನಿಕೋಡ್‌ನ ಸಂಖ್ಯೆಗಳೇ ಹೆಚ್ಚುಕಡಿಮೆ ವರ್ಣಮಾಲೆಯ ಕ್ರಮದಲ್ಲಿವೆ. ಆದರೆ ಹ ಆದಮೇಲೆ ಬರಬೇಕಾದ ಳ ಅಲ್ಲಿ ಲ, ವಗಳ ನಡುವೆ ಇದೆ. ಅನುಸ್ವಾರ, ವಿಸರ್ಗ ಸ್ವರಗಳಿಗಿಂತ ಮೊದಲಿನ ಸಂಖ್ಯೆಯಲ್ಲಿವೆ, ಹಾಗಾಗಿ 'ಕಂಬ'ವು 'ಕಡಲು'ವಿಗಿಂತ ಮೊದಲು ಬರುತ್ತದೆ. ಇವು ಎಲ್ಲಿ ಬರಬೇಕೆಂದು ಪುಸ್ತಕದ ಸಂಪಾದಕರನ್ನು ಮೊದಲೇ ಕೇಳಿ, ಕೀ ಫಂಕ್ಷನ್‌ನಲ್ಲಿ (ವಿಂಗಡಿಸುವಾಗ ಮಾತ್ರ ಬಳಸುವ ರೂಪ ಕೊಡುವುದು) ಆ ಸಂಖ್ಯೆಗಳನ್ನು ಬದಲಿಸಿ. 8204, 8205ನ್ನೂ ಕೀಯಲ್ಲಿ ಮಾತ್ರ ತೆಗೆಯಿರಿ, ಪಠ್ಯದಲ್ಲಿ ಮುಟ್ಟಬೇಡಿ. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ನೋಡುವವರಿಗೆ ಸಿಎಸ್‌ವಿ ಕೊಡುವುದಾದರೆ ಯುಟಿಎಫ್-8-ಸಿಗ್ ಎಂದು ಬರೆಯಿರಿ, ಇಲ್ಲದಿದ್ದರೆ ಅವರಿಗೆ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಈಗ ಬೇರೆಯವರ ಪುಸ್ತಕಗಳಿಗೂ ಮಾಡಿಕೊಡುತ್ತಿದ್ದೇನೆ, ಜರಡಿ ಹಿಡಿದು ಕೊಡುವುದೂ ಸೇರಿ ಪುಟಕ್ಕೆ 4 ರೂಪಾಯಿ, ಕೋಷ್ಟಕ ಅಡಿಟಿಪ್ಪಣಿ ಜಾಸ್ತಿ ಇದ್ದರೆ 6.