ತಾಲ್ಲೂಕು ಊರಿನಲ್ಲಿ ಗುಂಪು ಥೆರಪಿ ನಡೆಸುವುದು ಹೇಗೆ

ಗುಂಪು ಥೆರಪಿ, ಅಂದರೆ ಮನಸ್ಸಿನ ಕಷ್ಟ ಇರುವವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಚಿಕಿತ್ಸೆ, ಶುರು ಮಾಡಬೇಕು ಅಂತ ಬರುವ ಹೊಸಬರು ಮೊದಲು ಕೇಳುವುದು, ಯಾವ ಚಟುವಟಿಕೆ ಮಾಡಿಸಬೇಕು, ಯಾವ ಹಾಳೆ ಹಂಚಬೇಕು ಅಂತ. ಅದೆಲ್ಲ ಆಮೇಲೆ. ಟೀ ಯಾವುದರಲ್ಲಿ ಕೊಡ್ತೀರಿ ಅನ್ನುವುದನ್ನು ಮೊದಲು ಯೋಚಿಸಿ.

ನನ್ನ ಮೊದಲ ಗುಂಪಿನ ಎರಡನೇ ವಾರ. ಎಂಟು ಜನ ಇದ್ದರು. ಸ್ಟೀಲ್ ಲೋಟ ತೊಳೆದು ತಟ್ಟೆಯಲ್ಲಿ ಇಟ್ಟಿದ್ದೆ. ಬಾಗಿಲ ಹತ್ತಿರ ಕೂತಿದ್ದ ಹಿರಿಯರೊಬ್ಬರು ಚೀಲದಿಂದ ಒಂದು ಹಳೇ ಪ್ಲಾಸ್ಟಿಕ್ ಕಪ್ಪು ತೆಗೆದು ಕೈ ಉದ್ದ ಮಾಡಿ ಹಿಡಿದರು. "ನನಗ ಇದ್ರಾಗ ಹಾಕ್ರಿ" ಅಂದರು. ಹಾಗೆ ಮಾಡಿ ಅಂತ ಅಲ್ಲಿ ಯಾರೂ ಹೇಳಿರಲಿಲ್ಲ. ಅರವತ್ತು ವರ್ಷ ಊರು ಕಲಿಸಿದ್ದು ಅದು. ಉಳಿದವರು ನೆಲ ನೋಡುತ್ತಾ ಕೂತರು. ನಾನು ಅವತ್ತು ಏನೂ ಮಾತಾಡದೆ ಅವರ ಕಪ್ಪಿಗೇ ಹಾಕಿದೆ. ಜಾತಿ ಬಗ್ಗೆ ಅಲ್ಲೇ ಭಾಷಣ ಶುರು ಮಾಡಿದ್ದರೆ ಎಲ್ಲರ ಕಣ್ಣೂ ಅವರ ಮೇಲೆ ಬೀಳುತ್ತಿತ್ತು, ಅವರು ಮತ್ತೆ ಬರುತ್ತಿರಲಿಲ್ಲ. ಮುಂದಿನ ವಾರದಿಂದ ತಟ್ಟೆ ಕೈಯಿಂದ ಕೈಗೆ ಹೋಗುವ ಹಾಗೆ ಮಾಡಿದೆ. ಪ್ರತಿ ವಾರ ಬೇರೆಯವರಿಂದ ಶುರು. ಲೋಟ ತೊಳೆಯುವುದು ಸರದಿ ಮೇಲೆ, ಮೊದಲ ಸರದಿ ನನ್ನದು. ಐದನೇ ವಾರ ಅವರು ಸ್ಟೀಲ್ ಲೋಟ ತೆಗೆದುಕೊಂಡರು. ಅವತ್ತೇ ಬಾಯಿ ಬಿಟ್ಟರು: "ಬ್ಯಾಸರ ಯಾವಾಗಿಂದ ಅಂತ ಕೇಳ್ತೀರಿ. ಮೈನೇ ಮುಟ್ಟಬಾರದು ಅಂದಮ್ಯಾಲ ಮನಸು ಹ್ಯಾಂಗ ಚಲೋ ಇರ್ತದ್ರಿ?"

ಎಲ್ಲ ಸಂಸ್ಕೃತಿಯವರಿಗೂ ಜಾಗ ಇರುವ ಗುಂಪು ಅಂದರೆ ನನಗೆ ಇದು. ಹಬ್ಬದ ದಿನ ಎಲ್ಲರಿಗೂ ಸಿಹಿ ಹಂಚಿದರೆ ಅದು ಆಗುವುದಿಲ್ಲ. ಬಂದವರು ತಮ್ಮಲ್ಲಿ ಅರ್ಧವನ್ನು ಬಾಗಿಲ ಹೊರಗೆ ಬಿಟ್ಟು ಬರುವ ಹಾಗೆ ಆಗಬಾರದು.

ಈಗ ಶುರುವಿನಿಂದ ಹೇಳುತ್ತೇನೆ. ಮೊದಲು ತರಬೇತಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಓದಿ ಬಂದವರೂ ಈ ಕೆಲಸ ಚೆನ್ನಾಗಿ ಮಾಡುತ್ತಾರೆ. ಬರೀ ಒಳ್ಳೆ ಮನಸ್ಸು ಇದೆ ಅಂತ ಒಬ್ಬರೇ ಥೆರಪಿ ಗುಂಪು ಶುರು ಮಾಡಬೇಡಿ. ಅನುಭವ ಇರುವವರ ಕೈಕೆಳಗೆ, ಸಹ ಥೆರಪಿಸ್ಟ್ ಆಗಿ ಒಂದು ಗುಂಪಿನಲ್ಲಿ ಶುರುವಿನಿಂದ ಮುಗಿಯುವ ತನಕ ಕೂತು ಕಲಿಯಿರಿ.

ಆರರಿಂದ ಹತ್ತು ಜನ ಸಾಕು. ಒಂದೂವರೆ ಗಂಟೆ. ಜನ ಹೇಗೂ ಊರಿಗೆ ಬರುವ ದಿನ ಆರಿಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಮಾತ್ರೆಗೆ ಬಂದವರು ಹಾಗೇ ಗುಂಪಿಗೂ ಕೂರಬಹುದು, ಇನ್ನೊಂದು ದಿನದ ಕೂಲಿ ಹೋಗುವುದಿಲ್ಲ. ಗುಂಪು ಚಿಕಿತ್ಸೆ ಹುಟ್ಟಿದ್ದೇ ಕಾಸಿಲ್ಲದವರಿಗಾಗಿ ಅಲ್ವಾ? 1905ರಲ್ಲಿ ಬಾಸ್ಟನ್ನಿನ ಜೋಸೆಫ್ ಪ್ರ್ಯಾಟ್ ಅನ್ನುವ ವೈದ್ಯರು, ಆರೋಗ್ಯಧಾಮಕ್ಕೆ ಸೇರಲು ದುಡ್ಡಿಲ್ಲದ ಕ್ಷಯ ರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಲು ಶುರು ಮಾಡಿದರು.

ಗುಂಪಿಗೆ ಸೇರಿಸುವ ಮೊದಲು ಪ್ರತಿಯೊಬ್ಬರ ಜೊತೆ ಒಂಟಿಯಾಗಿ ಮಾತಾಡಿ. ಈ ಒಂದು ಭೇಟಿ ಬಿಟ್ಟರೆ ಮುಂದೆ ಎಲ್ಲಾ ಕಡೆ ಎಡವುತ್ತೀರಿ. ನಾನು ತಪ್ಪದೆ ಕೇಳುವ ಪ್ರಶ್ನೆಗಳು ಕೆಲವೇ. ನಿಮಗೆ ಆಗಿರುವುದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ? ಗಾಳಿ ಸೋಕಿದೆ ಅಂತಾರಾ, ಮಾಟ ಅಂತಾರಾ, ನರ ವೀಕು, ಟೆನ್ಷನ್, ಸೋಮಾರಿತನ ಅಂತಾರಾ? ನೀವೇನಂತೀರಿ? ಇಲ್ಲಿಗೆ ಬರುವ ಮೊದಲು ಎಲ್ಲೆಲ್ಲಿ ಹೋಗಿದ್ರಿ? ದೇವರ ಹತ್ರ ಯಾವ ಭಾಷೆಯಲ್ಲಿ ಬೇಡ್ಕೊಳ್ತೀರಿ, ಸಿಟ್ಟು ಬಂದ್ರೆ ಯಾವ ಭಾಷೆಯಲ್ಲಿ ಬೈತೀರಿ? ನಿಮ್ಮನ್ನ ಏನಂತ ಕರೀಬೇಕು? ಈ ಕೊನೆಯ ಪ್ರಶ್ನೆಯನ್ನು ಎಲ್ಲರಿಗೂ ಕೇಳಿ. ಎಲ್ಲಮ್ಮನಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪ ಒಬ್ಬರು ಬಂದಾಗ ಮಾತ್ರ ಕೇಳಿದರೆ ಅದೇ ಒಂದು ಗುರುತು ಹಾಕಿದ ಹಾಗೆ ಆಗುತ್ತದೆ.

ಭಾಷೆ ವಿಷಯ ಸಣ್ಣದಲ್ಲ. ಒಂದೇ ಕೋಣೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ಎಲ್ಲಾ ಇರುತ್ತದೆ. ಎಲ್ಲರಿಗೂ ಸಂತೆಯ ಕನ್ನಡ ಬರುತ್ತದೆ, ಆದರೆ ಅಳು ಸಂತೆಯ ಭಾಷೆಯಲ್ಲಿ ಬರುವುದಿಲ್ಲ. ತಾಂಡಾದ ಒಬ್ಬ ಅಕ್ಕ ಮಗ ತೀರಿಕೊಂಡ ವಿಷಯ ಹೇಳುತ್ತಾ ಲಂಬಾಣಿಗೆ ಹೊರಳಿದರು. ಅರ್ಥ ಆಗುವವರು ಇನ್ನೊಬ್ಬರು ಮಾತ್ರ. ನಾನು ತಡೆಯಲಿಲ್ಲ, ಮಧ್ಯೆ ಅನುವಾದವನ್ನೂ ಕೇಳಲಿಲ್ಲ. ಹತ್ತು ನಿಮಿಷ ಹಾಗೇ ಹೋಯಿತು. ಮುಗಿದ ಮೇಲೆ, "ಇವರಿಗೆ ಎಷ್ಟು ತಿಳಿಸಬೇಕು ಅನ್ಸುತ್ತೋ ಅಷ್ಟು ಕನ್ನಡದಲ್ಲಿ ಹೇಳಿ ಅಕ್ಕ" ಅಂದೆ. ಅವರು ಎರಡೇ ಮಾತು ಹೇಳಿದರು. ಉಳಿದದ್ದು ಎಲ್ಲರಿಗೂ ಆಗಲೇ ತಿಳಿದಿತ್ತು.

ಮಾತು ಶುರು ಮಾಡುವುದಕ್ಕೆ ಮೈ ಒಳ್ಳೆಯ ದಾರಿ. "ಹೇಗನ್ನಿಸುತ್ತಿದೆ" ಅಂತ ಕೇಳಿದರೆ "ಆರಾಮ" ಅಂತಾರೆ, ಮುಗಿಯಿತು. ನಿದ್ದೆ ಹೇಗಿತ್ತು, ಊಟ ಸೇರ್ತಾ, ಎದೆ ಉರಿ ಕಡಿಮೆ ಆಯ್ತಾ ಅಂತ ಒಂದು ಸುತ್ತು ಕೇಳಿ. ರಾತ್ರಿ ಎರಡಕ್ಕೆ ಎಚ್ಚರ ಆಯ್ತು ಅಂತಾರೆ. ಎಚ್ಚರ ಆದಾಗ ತಲೆಯಲ್ಲಿ ಏನು ಓಡ್ತಿತ್ತು ಅಂತ ಕೇಳಿ, ಸಾಲ, ಗಂಡನ ಕುಡಿತ, ಮಗಳ ಮದುವೆ ಎಲ್ಲಾ ತಾನಾಗೇ ಬರುತ್ತದೆ. ಆದರೆ ಯಾವುದೋ ಒಂದೇ ಧರ್ಮದ ಪ್ರಾರ್ಥನೆಯಿಂದ ಶುರು ಮಾಡಬೇಡಿ.

ನಮ್ಮ ಗುಂಪುಗಳಿಗೆ ದೊಡ್ಡ ಶತ್ರು ಬುದ್ಧಿ ಹೇಳುವ ಚಟ. ಅಣ್ಣ, ಅಕ್ಕ ಅಂತ ಕರೆದ ಕೂಡಲೇ ಪ್ರೀತಿ ಬರುತ್ತದೆ, ಜೊತೆಗೆ ದೊಡ್ಡಸ್ತಿಕೆಯೂ ಬರುತ್ತದೆ. ವಯಸ್ಸಾದವರು, ಓದಿದವರು, ಗಂಡಸರು ಜಾಸ್ತಿ ಮಾತಾಡುತ್ತಾರೆ. ಅದಕ್ಕೆ ಒಂದೇ ನಿಯಮ ಇಡಿ: "ನೀನು ಹೀಗೆ ಮಾಡು" ಅನ್ನಬಾರದು, "ನನಗೆ ಹೀಗಾಗಿತ್ತು" ಅಂತ ಹೇಳಬಹುದು. ಎಲ್ಲರ ಮನೆ ದೋಸೆನೂ ತೂತೇ ಅಂತಾರಲ್ಲ, ಅದನ್ನೇ ನೋಡಿ. ಒಬ್ಬಳು ತನ್ನ ಕಷ್ಟ ಅರ್ಧ ಹೇಳುವಷ್ಟರಲ್ಲೇ ಆ ಮಾತು ಬಂದರೆ ಅವಳ ಬಾಯಿ ಮುಚ್ಚಿದ ಹಾಗೆ. ಪೂರ್ತಿ ಕೇಳಿ, ಇನ್ನೊಬ್ಬಳು ತನ್ನ ಮನೆಯ ತೂತನ್ನೂ ತೋರಿಸಿದ ಮೇಲೆ ಬಂದರೆ ಅದರಷ್ಟು ಸಮಾಧಾನ ಇನ್ನೊಂದಿಲ್ಲ. ನಾನೊಬ್ಬನೇ ಅಲ್ಲ ಅಂತ ಗೊತ್ತಾಗುವುದು ಗುಂಪಿನ ಮುಖ್ಯ ಔಷಧಗಳಲ್ಲಿ ಒಂದು ಅಂತ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲಮ್ ಅವರಂಥವರೂ ಬರೆದಿದ್ದಾರೆ.

ದೇವರು, ದೆವ್ವ, ಹರಕೆ ವಿಷಯದಲ್ಲಿ ನಾನು ಒಂದು ಸಲ ಕೆಟ್ಟದಾಗಿ ತಪ್ಪಿದ್ದೇನೆ. ಒಬ್ಬಾಕೆ ಮೈಮೇಲೆ ಎಲ್ಲಮ್ಮ ಬರ್ತಾಳೆ ಅಂದಾಗ ನಾನು ತಕ್ಷಣ ಅದು ಕಾಯಿಲೆಯ ಲಕ್ಷಣ ಅಂತ ವಿವರಿಸಲು ಹೋದೆ. ಆಕೆ ಮೂರು ವಾರ ಬರಲಿಲ್ಲ. ಅಮ್ಮ ಬಂದಾಗ ಮಾತ್ರ ಮನೆಯಲ್ಲಿ ಆಕೆಯ ಮಾತು ಕೇಳುತ್ತಿದ್ದರು ಅಂತ ನನಗೆ ಆಮೇಲೆ ತಿಳಿಯಿತು. ಈಗ ನಾನು ಮೊದಲು ಕೇಳುವುದು, "ಆಗ ಏನಾಗುತ್ತೆ, ಆಮೇಲೆ ಹೇಗನ್ಸುತ್ತೆ" ಅಂತ ಅಷ್ಟೇ. ತಾಯತವೂ ಇರಲಿ, ದರ್ಗಾಕ್ಕೂ ಹೋಗಲಿ, ಮಾತ್ರೆ ಮಾತ್ರ ತಪ್ಪದಿರಲಿ. ಆದರೆ ಸರಪಳಿ, ಹೊಡೆತ, ಉಪವಾಸ ಕೆಡವುವುದು ಬಂದರೆ ಅಲ್ಲಿ ರಾಜಿ ಇಲ್ಲ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಯಾವ ರೀತಿಯಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಇದನ್ನು ಮನೆಯವರಿಗೆ ಸ್ಪಷ್ಟವಾಗಿ ಹೇಳಿ.

ಇನ್ನೊಂದು ವಿಷಯ, ಇದು ತುಂಬಾ ಜನರಿಗೆ ಹೊಳೆಯುವುದಿಲ್ಲ. ರಂಜಾನ್ ಬರುವ ಒಂದು ತಿಂಗಳು ಮುಂಚೆ, ರೋಜಾ ಇಡುವವರನ್ನು ವೈದ್ಯರ ಹತ್ತಿರ ಕಳಿಸಿ ಮಾತ್ರೆಯ ಹೊತ್ತು ಕೇಳಿಸಿ. ಮನಸ್ಥಿತಿಯ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಮಟ್ಟ ಏರಿ ಅಪಾಯ ಆಗಬಹುದು. ನೀರೂ ಕುಡಿಯದೆ ಏಕಾದಶಿ ಮಾಡುವವರಿಗೂ ಇದೇ ಮಾತು.

ಗುಟ್ಟಿನ ವಿಷಯ. ಆ 2017ರ ಕಾಯ್ದೆ ಚಿಕಿತ್ಸೆ ಕೊಡುವ ನಮ್ಮ ಬಾಯಿ ಕಟ್ಟುತ್ತದೆ, ಗುಂಪಿನಲ್ಲಿ ಕೂತವರನ್ನು ಕಟ್ಟುವುದು ಅವರ ಮಾತೇ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಮನೆಯಲ್ಲಿ ಮದುವೆಗೆ ಬಂದ ಮಗಳಿರುತ್ತಾಳೆ. "ಇಲ್ಲಿ ಕೇಳಿದ್ದು ಇಲ್ಲೇ" ಅಂದರೆ ಸಾಲದು. ಸಂತೆಯಲ್ಲಿ ಎದುರು ಸಿಕ್ಕರೆ ಏನು ಮಾಡುವುದು ಅಂತ ಮೊದಲ ದಿನವೇ ಗುಂಪಿನಲ್ಲೇ ತೀರ್ಮಾನ ಮಾಡಿಸಿ. ಮಾತಾಡಿಸಬೇಕಾ, ಸುಮ್ನೆ ಹೋಗಬೇಕಾ? ಜೊತೆಗಿರುವವರು "ಯಾರಿವರು" ಅಂದರೆ ಏನು ಹೇಳಬೇಕು? ನಮ್ಮ ಗುಂಪಿನವರು "ಆಸ್ಪತ್ರೆ ಸಾಲಿನಲ್ಲಿ ಸಿಕ್ಕಿದ್ರು" ಅಂತ ಒಪ್ಪಿಕೊಂಡರು. ಗಂಡ ಹೆಂಡತಿ, ಅತ್ತೆ ಸೊಸೆಯನ್ನು ಒಂದೇ ಗುಂಪಿಗೆ ಹಾಕಲೇಬೇಡಿ. ಮನೆಯಲ್ಲಿ ಹೊಡೆತ ಇದ್ದರೆ ಇಲ್ಲಿ ಆಡಿದ ಮಾತಿಗೆ ಅಲ್ಲಿ ಶಿಕ್ಷೆ ಆಗುತ್ತದೆ.

ಹಾಗಂತ ಮನೆಯವರನ್ನು ದೂರ ಇಟ್ಟರೂ ನಡೆಯುವುದಿಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಉಳಿಸಿಕೊಂಡಿದ್ದರು. ನಾವು ತಿಂಗಳಿಗೊಮ್ಮೆ ಮನೆಯವರದೇ ಬೇರೆ ಗುಂಪು ನಡೆಸುತ್ತೇವೆ. ಹದಿನೈದು ವರ್ಷ ಮಗನನ್ನು ನೋಡಿಕೊಂಡ ತಾಯಿಗೆ ಸುಸ್ತಾಗಿರುತ್ತದೆ, ಅದನ್ನು ಹೇಳಿಕೊಳ್ಳಲು ಆಕೆಗೆ ಬೇರೆ ಜಾಗ ಎಲ್ಲಿದೆ?

ಚೇತರಿಕೆ ಅಂದರೆ ಏನು ಅಂತ ಅವರ ಬಾಯಿಂದಲೇ ಹೇಳಿಸಿ. ಒಬ್ಬರಿಗೆ ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಊಟ ಮಾಡುವುದು, ಇನ್ನೊಬ್ಬರಿಗೆ ಮತ್ತೆ ಹೂವಿನ ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ಹೋಗುವುದು. ಯಾರೂ ಇಲ್ಲದಾಗಲೂ ಕಿವಿಯಲ್ಲಿ ಕೇಳುವ ದನಿ ಪೂರ್ತಿ ನಿಲ್ಲದೆ ಇದ್ದರೂ ಇವು ಆಗುತ್ತವೆ. ಕಾಗದ ಪತ್ರದ ಕೆಲಸವನ್ನೂ ಗುಂಪಿಗೆ ತನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಂಗವೈಕಲ್ಯ ಶೇ. 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಸಿಕ್ಕರೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಆದರೆ ಆ ಕಾರ್ಡು ಮಾಡಿಸಿದರೆ ಊರಿಗೆಲ್ಲಾ ಗೊತ್ತಾಗುತ್ತೆ ಅನ್ನುವ ಭಯ ಇರುತ್ತದೆ, ಅದನ್ನೂ ಮಾತಾಡಿ. ಬೇಕೋ ಬೇಡವೋ ಅವರೇ ಹೇಳಲಿ.

ಕೊನೆಯ ಹದಿನೈದು ನಿಮಿಷ ಹೊಸ ಗಾಯ ತೆರೆಯಬೇಡಿ. ಬಸ್ಸಿನ ಹೊತ್ತು ನೋಡಿಕೊಂಡು ಮುಗಿಸಿ. ಆದರೂ ಯಾರೋ ಒಬ್ಬರು ಚಪ್ಪಲಿ ಮೆಟ್ಟುತ್ತಾ ಅತಿ ಮುಖ್ಯವಾದ ಮಾತು ಹೇಳುತ್ತಾರೆ, ಇದು ಪ್ರತಿ ಗುಂಪಿನಲ್ಲೂ ಆಗುತ್ತದೆ. ಆಗ ಮತ್ತೆ ಎಲ್ಲರನ್ನೂ ಕೂರಿಸಬೇಡಿ. "ಮುಂದಿನ ವಾರ ನಿಮ್ಮಿಂದಲೇ ಶುರು ಮಾಡೋಣ" ಅನ್ನಿ, ಪುಸ್ತಕದಲ್ಲಿ ಬರೆದುಕೊಳ್ಳಿ, ಹಾಗೇ ಮಾಡಿ. ಆದರೆ ಆ ಮಾತು ಸಾವಿನ ಬಗ್ಗೆ ಇದ್ದರೆ, "ಇನ್ನು ಎಷ್ಟು ದಿನ ಬಿಡಿ" ಅನ್ನುವಂಥದ್ದಾದರೂ ಸರಿ, ಅವರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ. ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಿ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದೆಯಾ, ಎಲ್ಲಿದೆ, ಅದನ್ನು ಯಾರು ತೆಗೆದು ಬೇರೆ ಕಡೆ ಇಡಬಹುದು ಅಂತ ಕೇಳಿ. ವೈದ್ಯರನ್ನು ಅವತ್ತೇ ಕರೆಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ನೀವೇ ಹಾಕಿಕೊಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅಷ್ಟರಲ್ಲಿ ಕೊನೆಯ ಬಸ್ಸು ಹೋದರೆ ಹೋಗಲಿ. ಮನೆಯಿಂದ ಯಾರಾದರೂ ಬರುವ ತನಕ ಅವರ ಜೊತೆ ಕೂತಿರಿ.