ಇಮೇಲ್ ಕಾಲ ಮುಗಿಯಿತು ಎಂದರು. ನಮ್ಮ ಅಡಿಕೆ ತಾಣ ಅದರಿಂದಲೇ ನಡೆಯುತ್ತಿದೆ

ಕನ್ನಡದವರು ಇಮೇಲ್ ಓದುವುದಿಲ್ಲ, ಅಡಿಕೆ ಬೆಳೆಗಾರರಂತೂ ಓದುವುದೇ ಇಲ್ಲ. ಈ ಮಾತನ್ನು ತಾಣ ನಡೆಸುವ ಬಹುತೇಕ ಗೆಳೆಯರಿಂದ ಕೇಳಿದ್ದೇನೆ. ಶಿರಸಿ ಸೀಮೆಯ ತೋಟದ ಮನೆಯಿಂದ ನಾನು ಮತ್ತು ನನ್ನ ತಮ್ಮ ಅಡಿಕೆ, ಕಾಳುಮೆಣಸಿನ ಬಗ್ಗೆ ಒಂದು ಜಾಲತಾಣ ನಡೆಸುತ್ತೇವೆ. ಈಗ ಅಲ್ಲಿಗೆ ಬರುವ ಓದುಗರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ದಾರಿ ತೋರಿಸುವುದು ಶುಕ್ರವಾರ ಸಂಜೆ ಹೋಗುವ ಇಮೇಲ್ ಪತ್ರ. ಪಟ್ಟಿಯಲ್ಲಿ ಇರುವುದು ಮೂರು ಸಾವಿರದ ಚಿಲ್ಲರೆ ವಿಳಾಸ ಮಾತ್ರ. ಇದು ಹೇಗೆ ಸಾಧ್ಯ ಎಂದು ಕಳೆದ ಒಂದು ವರ್ಷದಿಂದ ಕೇಳುತ್ತಿರುವವರಲ್ಲಿ ಆಗ ಬೇಡ ಎಂದವರೂ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ಬೇರೆ ದಾರಿಗಳೆಲ್ಲವನ್ನೂ ನಾವು ಹಾದು ಬಂದಿದ್ದೇವೆ. ಫೇಸ್‌ಬುಕ್ ಪುಟ ಚೆನ್ನಾಗಿತ್ತು. 2018ರ ಆರಂಭದಲ್ಲಿ ಸ್ನೇಹಿತರು ಮತ್ತು ಮನೆಯವರ ಸುದ್ದಿಗೆ ಅಲ್ಲಿ ಆದ್ಯತೆ ಸಿಕ್ಕ ಮೇಲೆ ಪುಟಗಳ ಬರಹ ಕೆಳಗೆ ಸರಿಯಿತು. ಹೊಸ ಬರಹ ಬಂದಾಗ ಗೂಗಲ್‌ನ ಫೀಡ್‌ಬರ್ನರ್ ಸೇವೆ ಓದುಗರಿಗೆ ತಾನಾಗಿಯೇ ಕಳುಹಿಸುತ್ತಿದ್ದ ಇಮೇಲ್ ಸೌಲಭ್ಯ 2021ರಲ್ಲಿ ನಿಂತಿತು. ಅಲ್ಲಿಂದ ಇಳಿಸಿಕೊಂಡ ನಾನೂರರಷ್ಟು ವಿಳಾಸಗಳೇ ಇಂದಿನ ಪಟ್ಟಿಯ ಬೀಜ. ವಾಟ್ಸ್‌ಆ್ಯಪ್ ಗುಂಪುಗಳನ್ನು ಮಾಡಿದೆವು. ಒಂದು ಗುಂಪಿಗೆ 256 ಜನರ ಮಿತಿ ಇದ್ದ ಕಾಲ ಅದು, ಹಾಗಾಗಿ ಗುಂಪಿನ ಮೇಲೆ ಗುಂಪು. ಬೆಳಿಗ್ಗೆ ಹಾಕಿದ ಕೊಳೆರೋಗದ ಲೇಖನ ಮಧ್ಯಾಹ್ನದೊಳಗೆ ಶುಭೋದಯದ ಚಿತ್ರಗಳ ಅಡಿಯಲ್ಲಿ ಹೂತುಹೋಗುತ್ತಿತ್ತು. ಮುಂದೆ ಮಿತಿ 1,024ಕ್ಕೆ ಏರಿದಾಗ ಹೂತುಹೋಗುವ ವೇಗವೂ ಏರಿತು.

ಇಮೇಲ್‌ನಲ್ಲಿ ನಮ್ಮ ಮೊದಲ ವರ್ಷ ಪೂರ್ತಿ ನಷ್ಟ. ವಾರದ ಎಲ್ಲ ಲೇಖನಗಳ ಕೊಂಡಿಗಳನ್ನು ಒಂದರ ಕೆಳಗೊಂದು ಜೋಡಿಸಿ ಸೋಮವಾರ ಬೆಳಿಗ್ಗೆ ಕಳುಹಿಸುತ್ತಿದ್ದೆವು. ನೂರು ಜನರಲ್ಲಿ ಇಬ್ಬರು ಒತ್ತಿದರೆ ಹೆಚ್ಚು. ಹೆಚ್ಚು ವಿಳಾಸ ಬೇಕೆಂದು ಕೃಷಿ ಮೇಳವೊಂದರಲ್ಲಿ ಮೇಜು ಹಾಕಿ ನೋಟ್‌ಬುಕ್‌ನಲ್ಲಿ ಬರೆಸಿಕೊಂಡೆವು. ಮಳಿಗೆಗೆ, ಬಸ್ ಖರ್ಚಿಗೆ, ಉಚಿತವಾಗಿ ಕೊಟ್ಟ ಮೆಣಸಿನ ಬಳ್ಳಿಗೆ ಸೇರಿ ಹದಿನೈದು ಸಾವಿರ ರೂಪಾಯಿಯ ಹತ್ತಿರ ಖರ್ಚಾಯಿತು. ಬಂದ ಆರುನೂರು ವಿಳಾಸಗಳಲ್ಲಿ ಮೂರನೇ ಒಂದು ಭಾಗ ತಪ್ಪು ಕಾಗುಣಿತದವು ಅಥವಾ ಮಗನ ಹಳೆಯ ಕಾಲೇಜಿನವು. ಒಮ್ಮೆಲೇ ಕಳುಹಿಸಿದಾಗ ಅಷ್ಟೂ ಹಿಂದಕ್ಕೆ ಪುಟಿದವು. ಆಗ ಬಳಸುತ್ತಿದ್ದ ವಿದೇಶಿ ಸೇವೆಯವರು ನಮ್ಮ ಖಾತೆಯನ್ನೇ ತಡೆಹಿಡಿದರು. ಅದೂ ಮುಂಗಾರು ಹತ್ತಿರ ಬಂದು, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆಯ ಮಾಹಿತಿಗೆ ಜನ ಕಾಯುವ ಹೊತ್ತಿನಲ್ಲಿ. ಅವರಿಗೆ ತಿಂಗಳಿಗೆ ನಾಲ್ಕು ಸಾವಿರದಷ್ಟು ಕಟ್ಟುತ್ತಿದ್ದೆವು. ಅಂದಿನಿಂದ ಕಾಗದದ ಮೇಲೆ ವಿಳಾಸ ತೆಗೆದುಕೊಳ್ಳುವುದಿಲ್ಲ. ಓದುಗರೇ ತಾಣದಲ್ಲಿ ಬರೆದು, ಬಂದ ಪತ್ರದಲ್ಲಿ ಒತ್ತಿ ಖಚಿತಪಡಿಸಿದರೆ ಮಾತ್ರ ಪಟ್ಟಿಗೆ ಸೇರುತ್ತಾರೆ.

ತಿರುವು ಬಂದದ್ದು ಓದುಗರು ಮರುಪತ್ರ ಬರೆಯತೊಡಗಿದ ಮೇಲೆ. ಬೋರ್ಡೋ ದ್ರಾವಣದಲ್ಲಿ ಸುಣ್ಣ ಸಾಲದಿದ್ದರೆ ತಿಳಿಯುವ ಹಳೆಯ ಕತ್ತಿ ಪರೀಕ್ಷೆಯ ಬಗ್ಗೆ ಒಂದು ಚಿಕ್ಕ ಪತ್ರ ಕಳುಹಿಸಿದ್ದೆವು. ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಪತ್ರದಲ್ಲಿ ಅದೊಂದೇ ವಿಷಯ, ಕೊಂಡಿಯೂ ಒಂದೇ. ಐವತ್ತರ ಹತ್ತಿರ ಉತ್ತರಗಳು ಬಂದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಗಳೂರಿನಿಂದ, ಪುಣೆಯಿಂದ, ಎರಡು ಮೂರು ಅಮೆರಿಕದಿಂದ. ಎಲ್ಲರದೂ ಒಂದೇ ಧಾಟಿ: ‘ಅಪ್ಪಯ್ಯನಿಗೆ ವಾಟ್ಸ್‌ಆ್ಯಪ್ ಮಾಡಿದೆ.’

ಇಮೇಲ್ ಓದುವವರು ತೋಟದಲ್ಲಿ ಇರುವವರಲ್ಲ, ತೋಟದ ಚಿಂತೆ ಇಟ್ಟುಕೊಂಡು ದೂರದಲ್ಲಿ ಇರುವವರು ಎಂಬುದು ಆಗ ಹೊಳೆಯಿತು. ಅವರಿಗೆ ದಿನವಿಡೀ ಇಮೇಲ್ ತೆರೆದೇ ಇರುತ್ತದೆ. ವಾರಾಂತ್ಯದಲ್ಲಿ ಮನೆಗೆ ಫೋನ್ ಮಾಡುತ್ತಾರೆ, ಮಾತಿಗೆ ವಿಷಯ ಬೇಕಾಗಿರುತ್ತದೆ. ಪತ್ರ ಸೋಮವಾರದಿಂದ ಶುಕ್ರವಾರ ಸಂಜೆಗೆ ಬಂದದ್ದು ಈ ಕಾರಣಕ್ಕೆ. ‘ಮದ್ದು ಹೊಡೆದಾಯಿತಾ, ಕತ್ತಿ ಅದ್ದಿ ನೋಡಿದಿರಾ’ ಎಂದು ಮಗಳು ಶನಿವಾರ ಕೇಳಿದರೆ ಆ ಮನೆಗೆ ನಮ್ಮ ಪತ್ರ ತಲುಪಿದಂತೆ.

ಪ್ರತಿ ಪತ್ರದ ಕೊನೆಗೆ ಈಗ ಅರವತ್ತು ಪದಗಳ ಒಂದು ತುಣುಕು ಇರುತ್ತದೆ. ಚಿತ್ರವಿಲ್ಲ, ಬಣ್ಣವಿಲ್ಲ, ಬೆರಳಿಟ್ಟು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಲು ಹೇಳಿ ಮಾಡಿಸಿದ್ದು. ಅದರೊಳಗಿನ ಕೊಂಡಿಗೆ ಬೇರೆ ಗುರುತು ಹಚ್ಚಿದ್ದೇವೆ. ಆ ಗುರುತಿನಿಂದ ಬರುವವರು ನೇರವಾಗಿ ಇಮೇಲ್‌ನಿಂದ ಒತ್ತಿ ಬರುವವರ ಎರಡು ಪಟ್ಟು. ಮಳೆಗಾಲದಲ್ಲಿ ಮೂರು ಪಟ್ಟನ್ನೂ ಕಂಡಿದ್ದೇನೆ. ಅದೇ ಬರಹವನ್ನು ನಾವೇ ಗುಂಪುಗಳಿಗೆ ಹಾಕಿದರೆ ಅದರ ಕಾಲು ಭಾಗವೂ ಬರುವುದಿಲ್ಲ. ಮಗ ಕಳುಹಿಸಿದ್ದನ್ನು ಅಪ್ಪ ತೆರೆದು ಓದುತ್ತಾರೆ, ಗುಂಪಿನಲ್ಲಿ ಬಿದ್ದದ್ದನ್ನು ದಾಟಿ ಹೋಗುತ್ತಾರೆ.

ಕನ್ನಡದಲ್ಲಿ ಪತ್ರ ಕಳುಹಿಸುವವರಿಗೆ ಇಂಗ್ಲಿಷಿನವರಿಗಿಲ್ಲದ ಕೆಲವು ತೊಡಕುಗಳಿವೆ. ಇದನ್ನು ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಜಿಮೇಲ್ 102 ಕೆಬಿ ದಾಟಿದ ಪತ್ರವನ್ನು ಕತ್ತರಿಸಿ ತೋರಿಸುತ್ತದೆ. ಯೂನಿಕೋಡ್ ಕನ್ನಡದಲ್ಲಿ ಅಕ್ಷರ ಕಟ್ಟುವ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷಿ’ ಎಂಬ ಒಂದೇ ಅಕ್ಷರ 4 ಸಂಕೇತ, ಅಂದರೆ 12 ಬೈಟ್. ಇಷ್ಟಾದರೆ ಅಡ್ಡಿಯಿಲ್ಲ. ಆದರೆ ಕೆಲವು ಸಂಪಾದಕ ತಂತ್ರಾಂಶಗಳು ಪ್ರತಿ ಸಂಕೇತವನ್ನೂ ಅಂಕಿಯಾಗಿ ಬದಲಿಸಿ ಉಳಿಸುತ್ತವೆ, ಆಗ 3 ಬೈಟ್ ಇದ್ದದ್ದು 7 ಆಗುತ್ತದೆ. ಸಾಧಾರಣ ಉದ್ದದ ಪತ್ರವೂ ಮಿತಿ ದಾಟುತ್ತದೆ. ಕತ್ತರಿಸಿಹೋಗುವುದು ಕೊನೆಯ ಭಾಗ, ಅಂದರೆ ನಮ್ಮ ಅರವತ್ತು ಪದಗಳ ತುಣುಕು ಮತ್ತು ಪಟ್ಟಿಯಿಂದ ಹೊರಹೋಗುವ ಕೊಂಡಿ. ಹೊರಹೋಗುವ ದಾರಿ ಕಾಣದ ಓದುಗ ಸ್ಪ್ಯಾಮ್ ಗುಂಡಿ ಒತ್ತುತ್ತಾನೆ. ಕಳುಹಿಸುವ ಮುನ್ನ ಪತ್ರದ ಮೂಲ ಎಚ್‌ಟಿಎಂಎಲ್ ಬರಹವನ್ನು ತೆರೆದು ನೋಡಿ; ಕನ್ನಡ ಕನ್ನಡವಾಗಿಯೇ ಕಾಣಬೇಕು.

ಶೀರ್ಷಿಕೆಯ ಸಾಲಿನದು ಇನ್ನೊಂದು ಕಾಟ. ಕನ್ನಡ ಶೀರ್ಷಿಕೆಯನ್ನು ಸಂಕೇತಿಸಿ ತುಂಡು ತುಂಡಾಗಿ ಕಳುಹಿಸಬೇಕಾಗುತ್ತದೆ. ತುಂಡು ಅಕ್ಷರದ ನಡುವೆ ಬಿದ್ದರೆ ಓದುಗನಿಗೆ ಪ್ರಶ್ನಾರ್ಥಕ ಚಿಹ್ನೆ ಇರುವ ಕಪ್ಪು ವಜ್ರ ಕಾಣಿಸುತ್ತದೆ. ತಮ್ಮ ಮೊದಲು ಬರೆದಿದ್ದ ಸ್ಕ್ರಿಪ್ಟ್ ಹೀಗೇ ಮಾಡುತ್ತಿತ್ತು, ಅದನ್ನು ಹಿಡಿಯಲು ತಿಂಗಳುಗಳೇ ಹಿಡಿದವು. ಈಗ ಶೀರ್ಷಿಕೆ ನಾಲ್ಕೈದು ಪದ ಮೀರುವುದಿಲ್ಲ, ಮೊಬೈಲ್‌ನಲ್ಲಿ ಪೂರ್ತಿ ಕಾಣುವುದೂ ಅಷ್ಟೇ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ವಿನ್ಯಾಸದಲ್ಲಿದ್ದಂತೆ ಬಿಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಅಕ್ಷರದ ಗಾತ್ರದ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಇಡಿ. ಅಕ್ಷರಗಳನ್ನು ಚಿತ್ರ ಮಾಡಿ ಕಳುಹಿಸುವ ಗೋಜಿಗೆ ಹೋಗಬೇಡಿ.

ಖರ್ಚಿನ ಮಾತು. ಬೆಂಗಳೂರಿನ ಜೆರೋಧಾ ಕಂಪನಿಯ ಕೈಲಾಶ್ ನಾಧ್ ಬರೆದು ಮುಕ್ತವಾಗಿ ಬಿಟ್ಟ ಲಿಸ್ಟ್‌ಮಾಂಕ್ ಎಂಬ ಇಮೇಲ್ ಪಟ್ಟಿಯ ತಂತ್ರಾಂಶವನ್ನು ಚಿಕ್ಕ ಸರ್ವರ್ ಒಂದರಲ್ಲಿ ಹಾಕಿಕೊಂಡಿದ್ದೇವೆ, ಅದಕ್ಕೆ ತಿಂಗಳಿಗೆ ಐನೂರು ಆರುನೂರು ರೂಪಾಯಿ. ಪತ್ರ ಹೊರಡುವುದು ಅಮೆಜಾನ್‌ನ ಇಮೇಲ್ ಕಳುಹಿಸುವ ಸೇವೆ ಎಸ್‌ಇಎಸ್ ಮೂಲಕ, ಸಾವಿರ ಪತ್ರಕ್ಕೆ 10 ಸೆಂಟ್. ತಿಂಗಳಿಗೆ ಹನ್ನೆರಡು ಹದಿಮೂರು ಸಾವಿರ ಪತ್ರ ಹೋದರೂ ನೂರು ರೂಪಾಯಿಯ ಆಸುಪಾಸು. ಅದೇ ಸಂಖ್ಯೆಯನ್ನು ವಾಟ್ಸ್‌ಆ್ಯಪ್‌ನ ವ್ಯಾಪಾರಿ ಸೇವೆಯಲ್ಲಿ ಕಳುಹಿಸಲು ಲೆಕ್ಕ ಹಾಕಿಸಿದ್ದೆ. ಆಗ ಒಂದು ಸಂದೇಶಕ್ಕೆ ಮುಕ್ಕಾಲು ರೂಪಾಯಿಯ ಹತ್ತಿರ, ಅಂದರೆ ತಿಂಗಳಿಗೆ ಒಂಬತ್ತು ಹತ್ತು ಸಾವಿರ. ಎಸ್‌ಎಂಎಸ್ ಸಹ ನೋಡಿದೆವು. ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಸಂಕೇತಗಳಷ್ಟೇ, ನಮಸ್ಕಾರ ಹೇಳಿ ಊರ ಹೆಸರು ಬರೆಯುವಷ್ಟರಲ್ಲಿ ಮುಗಿಯುತ್ತದೆ.

ಒಂದು ಮಳೆಗಾಲದಲ್ಲಿ ಅಂಚೆ ಕಾರ್ಡನ್ನೂ ಪ್ರಯತ್ನಿಸಿದೆ. ನೆಟ್‌ವರ್ಕ್ ಸಿಗದ ಹಳ್ಳಿಗಳ ಇನ್ನೂರರಷ್ಟು ಹಿರಿಯ ಓದುಗರಿಗೆ ಕಳುಹಿಸಿದ್ದು. ಕೈಬರಹವಾದರೆ ಕಾರ್ಡಿಗೆ 50 ಪೈಸೆ, ಮುದ್ರಿಸಿದರೆ 6 ರೂಪಾಯಿ. ಹಾಗಾಗಿ ಮನೆಮಂದಿಯೆಲ್ಲ ಕುಳಿತು ಕೈಯಲ್ಲಿ ಬರೆದೆವು. ಬಂದ ಉತ್ತರಗಳು ಕೆಲವೇ, ಆದರೆ ಅವುಗಳಷ್ಟು ವಿವರವಾದ ತೋಟದ ಮಾಹಿತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಎಲೆಚುಕ್ಕೆ ರೋಗದ ಮೇಲಿನ ನಮ್ಮ ಸರಣಿಗೆ ಮೂಲ ಸಾಮಗ್ರಿ ಒದಗಿಸಿದ್ದು ಅವೇ ಕಾರ್ಡುಗಳು. ಕೈ ನೋವಿನಿಂದಾಗಿ ಮುಂದುವರಿಸಲಾಗಲಿಲ್ಲ.

2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ನಿಯಮ ಬಿಗಿ ಮಾಡಿವೆ. ಜಿಮೇಲ್‌ನ ಗೆರೆ ದಿನಕ್ಕೆ 5,000 ಪತ್ರ. ಅಷ್ಟು ಕಳುಹಿಸದಿದ್ದರೂ, ಪತ್ರ ನಿಜವಾಗಿ ನಮ್ಮಿಂದಲೇ ಬಂದದ್ದು ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ನಾವು ಹಾಕಿದ್ದೇವೆ, ಒಂದೇ ಒತ್ತಿನಲ್ಲಿ ಹೊರಹೋಗುವ ವ್ಯವಸ್ಥೆಯನ್ನೂ ಇಟ್ಟಿದ್ದೇವೆ. ಸ್ಪ್ಯಾಮ್ ದೂರು ಶೇ 0.3ನ್ನು ಮುಟ್ಟಬಾರದು ಎಂಬುದು ಅವರ ಮಿತಿ. ಸಾವಿರಕ್ಕೆ ಮೂವರು ಸಿಟ್ಟಾದರೆ ಸಾಕು, ಎಲ್ಲರಿಗೂ ಪತ್ರ ತಪ್ಪಬಹುದು. ಆರು ತಿಂಗಳು ಏನನ್ನೂ ಒತ್ತದ, ಉತ್ತರಿಸದ ಹೆಸರುಗಳಿಗೆ ಕೊನೆಯದಾಗಿ ಒಮ್ಮೆ ಕೇಳಿ, ಆಮೇಲೆ ತೆಗೆದುಹಾಕುತ್ತೇನೆ. ಮೊದಲ ಸಲ ಎಂಟುನೂರರಷ್ಟು ಹೋದವು. ಬೆಳೆಸಿದ ಪಟ್ಟಿಯನ್ನು ಕಡಿಯುತ್ತಾರೆಯೇ ಎಂದು ಗೆಳೆಯರು ಬೈದರು. ಮುಂದಿನ ತಿಂಗಳಿನಲ್ಲೇ ಒಟ್ಟು ಒತ್ತುಗಳ ಸಂಖ್ಯೆ ಏರಿತು, ಶೇಕಡಾವಾರು ಅಲ್ಲ, ನಿಜವಾದ ಸಂಖ್ಯೆಯೇ.

ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ. 2021ರಿಂದ ಆ್ಯಪಲ್‌ನ ಮೇಲ್ ಆ್ಯಪ್ ಓದುಗ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳಬಲ್ಲದು, ಚಿತ್ರ ಇಳಿದರೆ ಪತ್ರ ತೆರೆದಂತೆ ಲೆಕ್ಕವಾಗುವುದರಿಂದ ಆ ಅಂಕಿ ಉಬ್ಬುತ್ತದೆ. ನೂರರಲ್ಲಿ ಹನ್ನೆರಡು ಹದಿಮೂರು ಜನ ಒತ್ತುತ್ತಾರೆ, ವಾರಕ್ಕೆ ಮೂವತ್ತು ನಲವತ್ತು ಮರುಪತ್ರ ಬರುತ್ತವೆ. ಎಲ್ಲಕ್ಕೂ ನಾನೇ ಉತ್ತರಿಸುತ್ತೇನೆ, ಶನಿವಾರದ ಮಧ್ಯಾಹ್ನ ಅದಕ್ಕೇ ಮೀಸಲು.

ಹೊಸಬರಿಗೆ ಹೋಗುವ ಸ್ವಾಗತ ಪತ್ರದಲ್ಲಿ ಒಂದು ಪ್ರಶ್ನೆ ಕೇಳುತ್ತೇವೆ. ಹತ್ತರಲ್ಲಿ ನಾಲ್ವರು ಉತ್ತರಿಸುತ್ತಾರೆ. ಆ ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ಹೇಳುವುದಿಲ್ಲ, ತುಂಬ ತಿದ್ದಿ ತಿದ್ದಿ ಕಂಡುಕೊಂಡದ್ದು. ನಿಮ್ಮ ಓದುಗರಿಗೆ ಬೇಕಾದ ಪ್ರಶ್ನೆ ಬೇರೆಯೇ ಇರುತ್ತದೆ. ಲೇಖನದ ಯಾವ ಜಾಗದಲ್ಲಿ ವಿಳಾಸದ ಪೆಟ್ಟಿಗೆ ಇಟ್ಟರೆ ಹೆಚ್ಚು ಜನ ಸೇರುತ್ತಾರೆ ಎಂಬುದೂ ಸದ್ಯಕ್ಕೆ ನಮ್ಮಲ್ಲೇ ಇರಲಿ.

ಆದಾಯ ಬರುವುದು ಪತ್ರಕ್ಕೊಂದರಂತೆ ಹಾಕುವ ನರ್ಸರಿ ಜಾಹೀರಾತಿನಿಂದ, ಒಂದಕ್ಕೆ ಸಾವಿರದ ಐನೂರು. ಸಸಿ ನೆಡುವ ಕಾಲದಲ್ಲಿ ಸಾಲುಗಟ್ಟಿ ಕೇಳುತ್ತಾರೆ, ಉಳಿದ ತಿಂಗಳು ಖಾಲಿ. ಮೆಣಸಿನ ಬಳ್ಳಿಯ ಆರೈಕೆಯ ಕುರಿತ ಪಿಡಿಎಫ್ ಕೈಪಿಡಿ ನೂರೈವತ್ತು ರೂಪಾಯಿಗೆ ಮಾರುತ್ತೇವೆ, ಕೊಂಡವರಲ್ಲಿ ಬಹುತೇಕರು ಪತ್ರದ ಓದುಗರು. ವರ್ಷಕ್ಕೆ ನಲವತ್ತೈದು ಐವತ್ತು ಸಾವಿರ ಕೈಗೆ ಬರುತ್ತದೆ. ತಾಣದ ಎಲ್ಲ ಖರ್ಚು ಕಳೆದು ತಮ್ಮನಿಗೆ ಅಷ್ಟಿಷ್ಟು ಕೊಡುವಂತಾಗಿದೆ. ಪತ್ರ ಶುರುವಾಗುವ ಮುಂಚೆ ಎಲ್ಲವೂ ನನ್ನ ಕಿಸೆಯಿಂದಲೇ ಹೋಗುತ್ತಿತ್ತು.

ಮುಂದಿನ ಮಳೆಗಾಲದೊಳಗೆ ಪಟ್ಟಿಯನ್ನು ಎರಡು ಮಾಡಬೇಕಿದೆ. ಘಟ್ಟದ ಮೇಲಿನವರಿಗೆ ಬೇಯಿಸಿ ಒಣಗಿಸಿದ ಅಡಿಕೆಯಾದ ರಾಶಿ, ಬೆಟ್ಟೆಯ ಧಾರಣೆ ಬೇಕು. ಕರಾವಳಿಯವರಿಗೆ ಹಣ್ಣಡಿಕೆ ಒಣಗಿಸಿ ಮಾಡುವ ಹೊಸ ಚಾಲಿ, ಹಳೆ ಚಾಲಿಯ ಮಾತು ಬೇಕು. ಲಿಸ್ಟ್‌ಮಾಂಕ್‌ನಲ್ಲಿ ಪಟ್ಟಿ ಬೇರೆ ಮಾಡುವುದು ಐದು ನಿಮಿಷದ ಕೆಲಸ, ಕರಾವಳಿಯ ತೋಟ ಬಲ್ಲವರು ಪತ್ರ ಬರೆಯಬೇಕಲ್ಲ! ಪುತ್ತೂರು, ಸುಳ್ಯ, ಬಂಟ್ವಾಳದ ಕಡೆ ಸ್ವಂತ ತೋಟ ಇಟ್ಟುಕೊಂಡು, ವಾರಕ್ಕೊಮ್ಮೆ ಮುನ್ನೂರು ಪದ ಬರೆಯಬಲ್ಲವರನ್ನು ಹುಡುಕುತ್ತಿದ್ದೇನೆ. ಪತ್ರಕ್ಕೆ ಐನೂರು ರೂಪಾಯಿ ಕೊಡುತ್ತೇನೆ, ಜಾಹೀರಾತು ಬಂದರೆ ಅದರಲ್ಲಿ ಅರ್ಧ.