ಜಪಾನಿನ ಕೋರಾ ಜೀನ್ಸ್: ಮೊದಲು ನೆನೆಸಿ, ಆಮೇಲೆ ಕತ್ತರಿಸಿ

ನನ್ನ ಚಿಕ್ಕಪ್ಪನ ಮಗ ಕಳೆದ ವರ್ಷ ಬೆಂಗಳೂರಿಂದ ಒಸಾಕಾಕ್ಕೆ ಬಂದಿದ್ದ. ಬರುವ ಮುಂಚೆಯೇ ಯಾವ ಜೀನ್ಸ್ ಕೊಳ್ಳಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದ. 1947ರ ಲೀವೈಸ್ ಮಾದರಿಯಲ್ಲಿ ಇಲ್ಲಿನವರು ಹೊಲಿಯುವ, ಒಮ್ಮೆಯೂ ನೀರು ಕಾಣದ ಜೀನ್ಸ್. ಅಂಗಡಿಯಲ್ಲಿ ಹಾಕಿ ನೋಡಿದ, ಸೊಂಟ ಸರಿಯಾಗಿ ಕೂತಿತು, ಉದ್ದ ಜಾಸ್ತಿ ಇತ್ತು, ಅಲ್ಲೇ ಅರ್ಧ ಗಂಟೆಯಲ್ಲಿ ಬಾಟಮ್ ಕತ್ತರಿಸಿ ಹೊಲಿಸಿಕೊಂಡು ಬಂದ. ನನಗೆ ತೋರಿಸಿದ್ದು ಆಮೇಲೆ. ಒಂದೇ ಸಲ ನೀರಿಗೆ ಹಾಕಿದ್ದಕ್ಕೆ ಪ್ಯಾಂಟು ಕಣಕಾಲಿನ ಮೇಲೆ ನಿಂತಿತು, ಸೊಂಟದ ಗುಂಡಿ ಹಾಕಲು ಮಂಚದ ಮೇಲೆ ಮಲಗಬೇಕಾಯಿತು. ಕತ್ತರಿಸುವ ಮುಂಚೆ ಅಂಗಡಿಯವರು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಇದೇ ತಪ್ಪನ್ನು ನಾನು ನಾಲ್ಕೈದು ಸಲ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 25–30 ಸಾವಿರ ಯೆನ್ ಕೊಟ್ಟ ಬಟ್ಟೆ ಒಂದು ಬಕೆಟ್ ನೀರಿಗೆ ಹಾಳಾಗಬಾರದು.

ಯಾವುದನ್ನು ಕೊಳ್ಳುತ್ತಿದ್ದೀರಿ ಅಂತ ಮೊದಲು ತಿಳಿದುಕೊಳ್ಳಿ

ನಮ್ಮಲ್ಲಿ ಮಗ್ಗದಿಂದ ಇಳಿಸಿ ಹಾಗೇ ತಂದ ಬಟ್ಟೆಗೆ ಕೋರಾ ಬಟ್ಟೆ ಅಂತೀವಲ್ಲ, ಜಪಾನಿನಲ್ಲಿ ಅದಕ್ಕೆ ‘ಕಿಬಾತಾ’ ಅನ್ನುತ್ತಾರೆ. ಗಂಜಿ ಹಾಗೇ ಇರುತ್ತದೆ, ಕುಗ್ಗದ ಹಾಗೆ ಯಾವ ಸಂಸ್ಕರಣೆಯೂ ಆಗಿರುವುದಿಲ್ಲ. ಕೈಯಾಡಿಸಿದರೆ ಮೇಲೆ ಸಣ್ಣ ಸಣ್ಣ ನವಿರು ಸಿಗುತ್ತದೆ. ಎರಡನೆಯದು ಸ್ಯಾನ್‌ಫೊರೈಸ್ ಮಾಡಿದ್ದು. ಸ್ಯಾನ್‌ಫರ್ಡ್ ಕ್ಲೂಯೆಟ್ ಅನ್ನುವ ಅಮೆರಿಕದವರು ಕಂಡುಹಿಡಿದ ವಿಧಾನ ಅದು, ಹೆಸರೂ ಅವರದ್ದೇ. ಬಟ್ಟೆಯನ್ನು ಯಂತ್ರದಲ್ಲಿ ಮೊದಲೇ ಕುಗ್ಗಿಸಿಬಿಡುತ್ತಾರೆ. ಇದು ಆಮೇಲೆ ಹೆಚ್ಚೆಂದರೆ ಶೇ 2–3 ಕುಗ್ಗಬಹುದು. ಮೂರನೆಯದು ‘ಒನ್‌ವಾಶ್’, ಅಂದ್ರೆ ತಯಾರಕರೇ ಒಮ್ಮೆ ಒಗೆದು ಕೊಡುವುದು.

ಅಂಗಡಿಯಲ್ಲಿ ‘ಬೋಶುಕು’ನಾ ಅಂತ ಕೇಳಿ. ಕುಗ್ಗದ ಹಾಗೆ ಮಾಡಿದ್ದು ಅಂತ ಅರ್ಥ. ‘ಮಿಬೋಶುಕು’ ಅಂದರೆ ಮಾಡಿಲ್ಲ, ಕುಗ್ಗುತ್ತೆ. ಈ ಎರಡು ಪದ ಗೊತ್ತಿದ್ದರೆ ಸಾಕು.

ನನ್ನ ಗಟ್ಟಿ ಸಲಹೆ ಕೇಳಿ: ಜಪಾನಿನಲ್ಲಿ ನಾಲ್ಕೇ ದಿನ ಇರುವವರು ಒನ್‌ವಾಶ್ ತೆಗೆದುಕೊಳ್ಳಿ. ಅದರಲ್ಲಿ ಯಾವ ಕೊರತೆಯೂ ಇಲ್ಲ. ಬಣ್ಣ ಬಿಡುವುದು ನೀವು ಹಾಕಿಕೊಂಡು ಓಡಾಡಿದ ಮೇಲೇ. ಮಿಕ್ಕವರು, ಸಮಯ ಇರುವವರು, ಕೋರಾ ತನ್ನಿ. ಅದರ ಸೊಗಸೇ ಬೇರೆ.

ಬ್ರ್ಯಾಂಡಿನ ವಿಚಾರ, ಬೇಗ ಮುಗಿಸುತ್ತೇನೆ

‘ಒಸಾಕಾ ಫೈವ್’ ಅಂತ ಹೆಸರಾದ ಬ್ರ್ಯಾಂಡುಗಳು ಐದು: ಸ್ಟುಡಿಯೋ ಡಿ ಆರ್ಟಿಸನ್ (1979ರಲ್ಲಿ ಶುರು), ದುನೀಮ್ (Denime), ಎವಿಸು, ಫುಲ್‌ಕೌಂಟ್, ವೇರ್‌ಹೌಸ್ (1995). ಹಳೆ ಅಮೆರಿಕನ್ ಜೀನ್ಸಿನ ಹೊಲಿಗೆ ಬಿಚ್ಚಿ, ದಾರದ ದಪ್ಪ ಅಳೆದು, ಮತ್ತೆ ಹಾಗೇ ಮಾಡುವುದರಲ್ಲಿ ವೇರ್‌ಹೌಸ್‌ನವರನ್ನು ಮೀರಿಸುವವರಿಲ್ಲ ಅಂತ ನನ್ನ ಅಭಿಪ್ರಾಯ. ಫುಲ್‌ಕೌಂಟ್‌ನವರು ಜಿಂಬಾಬ್ವೆ ಹತ್ತಿ ಬಳಸುತ್ತಾರೆ, ಮೈಗೆ ಮೆತ್ತಗಿರುತ್ತದೆ, ಮೊದಲ ಸಲ ಕೊಳ್ಳುವವರಿಗೆ ಅದನ್ನೇ ಹೇಳುತ್ತೇನೆ. ಒಕಾಯಾಮಾ ಕಡೆ ಹೋದರೆ ಕೊಜಿಮಾ ಊರಿದೆ. ಮೊದಲಿಂದಲೂ ಹತ್ತಿ, ಶಾಲೆಯ ಸಮವಸ್ತ್ರಕ್ಕೆ ಹೆಸರಾದ ಊರು. 1965ರಲ್ಲಿ ಜಪಾನಿನ ಮೊದಲ ಜೀನ್ಸ್ ಹೊಲಿದದ್ದು ಅಲ್ಲೇ, ಆದರೆ ಬಟ್ಟೆ ಅಮೆರಿಕದ್ದು. ಇಲ್ಲಿನದೇ ಡೆನಿಮ್ ಬಂದದ್ದು 1973ರಲ್ಲಿ, ಕುರಾಬೋ ಗಿರಣಿಯಿಂದ. ಮೊಮೊತಾರೋ ಕೂಡ ಕೊಜಿಮಾದ್ದೇ. ಹಿಂದಿನ ಜೇಬಿನ ಮೇಲೆ ಎರಡು ಬಿಳಿ ಪಟ್ಟೆ ಕಂಡರೆ ಅದೇ.

ತೂಕದ ಬಗ್ಗೆ ಮಾತ್ರ ಒಂದು ಮಾತು. ಔನ್ಸ್ ಲೆಕ್ಕ ಚದರ ಗಜಕ್ಕೆ. 21 ಔನ್ಸಿನ ಬಟ್ಟೆ ಅಂದರೆ ಚದರ ಮೀಟರಿಗೆ 700 ಗ್ರಾಂ ಮೇಲೆ. ಐರನ್ ಹಾರ್ಟ್ ಅನ್ನುವ ಬ್ರ್ಯಾಂಡಿನವರು ಅದನ್ನು ಮಾಡಿದ್ದು ಬೈಕ್ ಓಡಿಸುವವರಿಗಾಗಿ. ಒಸಾಕಾದ ಆಗಸ್ಟ್ ಸೆಕೆಯಲ್ಲೂ ಮಂಗಳೂರಿನ ಏಪ್ರಿಲ್‌ನಲ್ಲೂ ಅದು ಬೇಡ. 13–14 ಔನ್ಸ್ ಸಾಕು.

ಅಳತೆ: ಇಲ್ಲೇ ಎಲ್ಲರೂ ಎಡವುವುದು

ಚೀಟಿಯ ಮೇಲಿನ 32 ಅನ್ನುವ ಅಂಕಿಯನ್ನು ನಂಬಬೇಡಿ. ಕೋರಾ ಜೀನ್ಸಿನಲ್ಲಿ ಆ ಅಂಕಿ ಒಗೆಯುವ ಮುಂಚಿನದೋ ಆಮೇಲಿನದೋ ಅನ್ನುವುದು ಒಬ್ಬೊಬ್ಬ ತಯಾರಕರಲ್ಲಿ ಒಂದೊಂದು ಥರ. ಟೇಪನ್ನೇ ನಂಬಿ.

ಮೊದಲು ನಿಮ್ಮ ಮನೆಯಲ್ಲೇ ಇರುವ, ನಿಮಗೆ ಚೆನ್ನಾಗಿ ಕೂರುವ ಒಂದು ಪ್ಯಾಂಟು ತೆಗೆದುಕೊಳ್ಳಿ. ಎಲ್ಲ ಗುಂಡಿ ಹಾಕಿ ನೆಲದ ಮೇಲೆ ಹರವಿ. ಸೊಂಟಪಟ್ಟಿಯ ಮುಂದಿನ ಅಂಚು, ಹಿಂದಿನ ಅಂಚು ಎರಡೂ ಸಮ ಬರುವ ಹಾಗೆ ಹಿಡಿದು, ಸುಕ್ಕು ಹೋಗುವಷ್ಟು ಮಾತ್ರ ಎಳೆದು, ಅಡ್ಡಕ್ಕೆ ಅಳೆದು ಎರಡರಿಂದ ಗುಣಿಸಿ. ಮುಂದಿನ ಅಂಚು ಕೆಳಗೆ ಜೋತಾಡುತ್ತಿರುವಾಗ ಅಳೆದರೆ ಒಂದು ಇಂಚಿನವರೆಗೂ ವ್ಯತ್ಯಾಸ ಬರುತ್ತದೆ, ಆ ಒಂದು ಇಂಚೇ ಎಲ್ಲವನ್ನೂ ಕೆಡಿಸುವುದು. ಆಮೇಲೆ ತೊಡೆ: ನಾಲ್ಕು ಹೊಲಿಗೆ ಸೇರುವ ಜಾಗದಿಂದ ಹೊರಗಿನ ಹೊಲಿಗೆಯವರೆಗೆ ನೇರ ಅಡ್ಡಕ್ಕೆ. ಅದೇ ಜಾಗದಿಂದ ಮೇಲೆ ಸೊಂಟಪಟ್ಟಿಯ ತುದಿಯವರೆಗೆ. ಅಲ್ಲಿಂದಲೇ ಕೆಳಗೆ, ಒಳಗಿನ ಉದ್ದ. ಕೊನೆಗೆ ಬಾಟಮ್ ಅಗಲ. ಐದು ಅಂಕಿ. ಇಂಚಿನಲ್ಲೂ ಸೆಂಟಿಮೀಟರಿನಲ್ಲೂ ಬರೆದು ಫೋನಲ್ಲಿ ಇಟ್ಟುಕೊಳ್ಳಿ, ಯಾಕಂದ್ರೆ ಇಲ್ಲಿನ ಪಟ್ಟಿಗಳೆಲ್ಲ ಸೆಂಟಿಮೀಟರಿನಲ್ಲೇ ಇರುತ್ತವೆ.

ಇನ್ನೊಂದು ವಿಷಯ. 1940ರ, 50ರ ದಶಕದ ಮಾದರಿಗಳು ಹೊಕ್ಕುಳಿನ ಹತ್ತಿರ ಕೂರುವಂಥವು. ಈಗಿನ ಪ್ಯಾಂಟಿನ ಹಾಗೆ ಸೊಂಟದ ಮೂಳೆಯ ಮೇಲೆ ಇಳಿಸಿ ಹಾಕಿಕೊಂಡು ‘ಸಡಿಲ ಆಯ್ತು’ ಅಂತ ಚಿಕ್ಕ ಸೈಜ್ ತೆಗೆದುಕೊಳ್ಳುವವರನ್ನು ನೋಡಿದ್ದೇನೆ. ಮೇಲೆ ಎಳೆದು ಹಾಕಿಕೊಂಡು ಆಮೇಲೆ ತೀರ್ಮಾನಿಸಿ.

ಈಗ ಕುಗ್ಗುವಿಕೆ. ಹಾಸಿನ ನೂಲನ್ನು ಮಗ್ಗದ ಮೇಲೆ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನೇಯ್ದು ಮುಗಿಯುವವರೆಗೂ ಆ ಬಿಗಿ ಸಡಿಲುವುದಿಲ್ಲ. ಬಿಸಿನೀರು ಬಿದ್ದು ಗಂಜಿ ಹೋದ ಕೂಡಲೇ ನೂಲು ತನ್ನ ಮೂಲ ಉದ್ದಕ್ಕೆ ವಾಪಸ್ ಬರುತ್ತದೆ. ಜೀನ್ಸಿನಲ್ಲಿ ಹಾಸು ಇರುವುದು ಕಾಲಿನ ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಹಾಗಾಗಿ ಉದ್ದವೇ ಜಾಸ್ತಿ ಕುಗ್ಗುತ್ತದೆ, ಶೇ 10ರವರೆಗೂ. 36 ಇಂಚಿನ ಒಳ ಉದ್ದ ಶೇ 8 ಕುಗ್ಗಿದರೂ ಸುಮಾರು 3 ಇಂಚು ಹೋಯಿತು. ಸೊಂಟದಲ್ಲಿ ಒಂದರಿಂದ ಒಂದೂವರೆ ಇಂಚು ಹೋಗುತ್ತದೆ, ಆದರೆ ಹಾಕಿಕೊಂಡು ಕೂತು ಎದ್ದು ಮಾಡಿದರೆ ಅದರಲ್ಲಿ ಬಹುಪಾಲು ಮತ್ತೆ ಬಿಡುತ್ತದೆ. ಉದ್ದ ಹಾಗೆ ವಾಪಸ್ ಬರುವುದಿಲ್ಲ. ಹೋದ ಉದ್ದ ಹೋದದ್ದೇ.

ಬಟ್ಟೆ ಓರೆ ನೇಯ್ಗೆಯದ್ದಾದ್ದರಿಂದ ಒಗೆದ ಮೇಲೆ ಕಾಲಿನ ಹೊರಗಿನ ಹೊಲಿಗೆ ಸ್ವಲ್ಪ ತಿರುಗುತ್ತದೆ. ಅದು ದೋಷ ಅಲ್ಲ. ಲೀವೈಸ್‌ನ ಹಳೆಯ 501 ಜೀನ್ಸುಗಳೂ ಹಾಗೇ ತಿರುಗುತ್ತಿದ್ದವು.

ನೆನೆಸುವುದು

ಇಲ್ಲಿನವರು ಇದಕ್ಕೆ ‘ನೋರಿ ಒಟೋಷಿ’ ಅನ್ನುತ್ತಾರೆ, ಗಂಜಿ ಇಳಿಸುವುದು. ಜಪಾನಿನ ಮನೆಯ ಸ್ನಾನದ ತೊಟ್ಟಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಊರಲ್ಲಾದರೆ ದೊಡ್ಡ ಟಬ್ ಬೇಕು. ಬಕೆಟ್ ಬೇಡ! ಬಕೆಟ್ಟಿನಲ್ಲಿ ಮಡಚಿ ತುರುಕಿದರೆ ಮಡಿಕೆ ಬಿದ್ದ ಕಡೆಯೆಲ್ಲ ಗೆರೆಗೆರೆಯಾಗಿ ಬಣ್ಣ ಹೋಗುತ್ತದೆ, ಆ ಗೆರೆ ಆಮೇಲೆ ಹೋಗುವುದಿಲ್ಲ.

ಒಳಗು ಹೊರಗು ಮಾಡಿ. ಎಲ್ಲ ಗುಂಡಿ ಹಾಕಿ, ಇಲ್ಲದಿದ್ದರೆ ಸೊಂಟಪಟ್ಟಿ ಸೊಟ್ಟಗಾಗುತ್ತದೆ. ನೀರು ಎಷ್ಟು ಬಿಸಿ ಅನ್ನುವುದು ಸೊಂಟದ ಹಿಂಬದಿ ಹೊಲಿದಿರುವ ಬ್ರ್ಯಾಂಡಿನ ಪಟ್ಟಿ ನೋಡಿಕೊಂಡು. ಕಾಗದದ್ದಾದರೆ 60 ಡಿಗ್ರಿ ಆಗಬಹುದು. ಚರ್ಮದ್ದಾದರೆ, ಅದರಲ್ಲೂ ಜಿಂಕೆ ಚರ್ಮ ಆದರೆ, 40–45 ಸಾಕು. ಜಾಸ್ತಿ ಬಿಸಿ ಆದರೆ ಚರ್ಮ ಮುದುಡಿ ಹಪ್ಪಳದ ಹಾಗೆ ಆಗುತ್ತದೆ.

ಒಳಗೆ ಹಾಕಿದ ಕೂಡಲೇ ಅದು ತೇಲುತ್ತದೆ. ಗಂಜಿ ಇನ್ನೂ ಇರುವುದರಿಂದ ನೀರು ಒಳಗಿಳಿಯುವುದಿಲ್ಲ. ಕಾಲಿನ ತುದಿಯಿಂದ ಸೊಂಟದ ಕಡೆಗೆ ಅಂಗೈಯಲ್ಲಿ ಒತ್ತುತ್ತಾ ಬನ್ನಿ. ಗುಳ್ಳೆಗಳು ಸಾಲಾಗಿ ಏಳುತ್ತವೆ. ಐದು ನಿಮಿಷದಲ್ಲಿ ನೀರು ಮೊದಲು ಚಹಾ ಬಣ್ಣಕ್ಕೆ ತಿರುಗಿ, ಆಮೇಲೆ ನೀಲಿಯಾಗಿ, ಬೆರಳಿಗೆ ಅನ್ನದ ಗಂಜಿ ಮುಟ್ಟಿದಂತೆ ಜಿಗುಟು ಜಿಗುಟಾಗಿ ಸಿಗುತ್ತದೆ. ಆ ಜಿಗುಟು ಸಿಕ್ಕಿತು ಅಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಪೂರ್ತಿ ಮುಳುಗಿ ನಿಲ್ಲುವ ಹಾಗೆ ನೀರು ತುಂಬಿದ ಬಾಟಲಿ ಎರಡು ಮೇಲೆ ಇಟ್ಟು, ಒಂದು ಗಂಟೆ ಬಿಡಿ. ನಡುವೆ ಒಂದು ಸಲ ತಿರುಗಿಸಿ ಹಾಕಿ.

ಉಪ್ಪು, ವಿನಿಗರ್ ಹಾಕಿದರೆ ಬಣ್ಣ ಗಟ್ಟಿಯಾಗುತ್ತದೆ ಅನ್ನುವುದು ಸುಳ್ಳು. ಇಂಡಿಗೋ ಬಣ್ಣ ನೂಲಿನ ಮೇಲೆ ಪದರ ಪದರವಾಗಿ ಕೂತಿರುತ್ತದೆ ಅಷ್ಟೇ, ರಾಸಾಯನಿಕವಾಗಿ ಅಂಟಿಕೊಂಡಿರುವುದಿಲ್ಲ. ನೂಲನ್ನು ಹಗ್ಗದ ಹಾಗೆ ಹೊಸೆದು, ಬಣ್ಣಕ್ಕೆ ಅದ್ದಿ, ಗಾಳಿಗೆ ಹಿಡಿದು, ಮತ್ತೆ ಅದ್ದಿ ಮಾಡುವುದರಿಂದ ನಡುವೆ ಬಿಳಿಯಾಗೇ ಉಳಿಯುತ್ತದೆ. ಆ ಬಿಳಿ ಮೆಲ್ಲಗೆ ಹೊರಗೆ ಬರಲಿ ಅಂತಲೇ ಅಲ್ವಾ ನಾವು ಇಷ್ಟೆಲ್ಲ ಮಾಡುವುದು! ವಿನಿಗರ್ ಅದಕ್ಕೆ ಏನೂ ಮಾಡುವುದಿಲ್ಲ. ಪ್ಯಾಂಟು ಹಾಕಿಕೊಂಡೇ ತೊಟ್ಟಿಯಲ್ಲಿ ಕೂರುವುದೂ ಬೇಡ, ಸುಮ್ನೆ ಚಳಿ ಹಿಡಿಯುತ್ತದೆ.

ನೀರು ಚೆಲ್ಲಿ, ತಣ್ಣೀರಲ್ಲಿ ಎರಡು ಸಲ ಜಾಲಿಸಿ. ಹಿಂಡಬೇಡಿ. ಒದ್ದೆ ಇರುವಾಗಲೇ ಕಾಲಿನ ಹೊಲಿಗೆಗಳನ್ನು ಕೈಯಲ್ಲಿ ನೇರ ಮಾಡಿ. ಸೊಂಟಪಟ್ಟಿಯ ಸುತ್ತ ಐದಾರು ಕ್ಲಿಪ್ ಹಾಕಿ ಕೊಳವೆಯ ಹಾಗೆ ಬಾಯಿ ತೆರೆದಿರುವಂತೆ ನೆರಳಲ್ಲಿ ನೇತುಹಾಕಿ. ಒಳಗೆ ಗಾಳಿ ಆಡದಿದ್ದರೆ ಜೇಬಿನ ಬಟ್ಟೆ ಮುಗ್ಗಲು ಹಿಡಿಯುತ್ತದೆ.

ಒಣಗಿದ ಮೇಲೆ ಮೂರು ದಿನ ಹಾಕಿಕೊಳ್ಳಿ, ಬಾಟಮ್ ಮಡಚಿಕೊಂಡೇ. ಮಡಿಕೆಯಲ್ಲಿ ಕಾಣುವ ಆ ಕೆಂಪು ದಾರದ ಅಂಚು, ‘ಅಕಾಮಿಮಿ’, ಲಾಳಿ ಮಗ್ಗದ ಗುರುತು. ಮಿಮಿ ಅಂದರೆ ಕಿವಿ. ಲಾಳಿ ಆ ಕಡೆ ಈ ಕಡೆ ಓಡಾಡಿ ಹೊಕ್ಕನ್ನು ತಿರುಗಿಸಿ ತರುವುದರಿಂದ ಸೀರೆಯ ಅಂಚಿನ ಹಾಗೆ ಮುಚ್ಚಿಕೊಂಡ ಅಂಚು ಬರುತ್ತದೆ. ಈ ಮಗ್ಗದ ಬಟ್ಟೆ 80 ಸೆಂಟಿಮೀಟರಿನ ಆಸುಪಾಸಿನಷ್ಟೇ ಅಗಲ, ಅದಕ್ಕೇ ದುಬಾರಿ.

ಮೂರು ದಿನ ಆದ ಮೇಲೆ ಇನ್ನೊಮ್ಮೆ ಒಗೆಯಿರಿ. ಹೌದು, ಎರಡನೇ ಸಲ. ಮೊದಲ ಸಲ ಪೂರ್ತಿ ಕುಗ್ಗುವುದಿಲ್ಲ, ಉಳಿದ ಅರ್ಧ ಇಂಚು ಈಗ ಹೋಗುತ್ತದೆ. ಡ್ರೈಯರ್‌ಗೆ ಹಾಕಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಅಂತ ಹೇಳುವವರಿದ್ದಾರೆ. ಕಾಗದದ ಪಟ್ಟಿ ಇದ್ದರೆ ಮಾಡಿಕೊಳ್ಳಿ, ನಾನು ಮಾಡುವುದಿಲ್ಲ.

ಬಾಟಮ್ ಹೊಲಿಸುವುದು

ಈಗ ಕತ್ತರಿಸಬಹುದು. ಯೂನಿಯನ್ ಸ್ಪೆಷಲ್ 43200ಜಿ ಅನ್ನುವ ಹಳೆಯ ಅಮೆರಿಕನ್ ಮೆಷಿನ್ನಿನಲ್ಲಿ ಚೈನ್ ಸ್ಟಿಚ್ ಹಾಕುವ ಅಂಗಡಿಗಳು ಒಸಾಕಾ, ಕೊಜಿಮಾ ಎರಡು ಕಡೆಯೂ ಇವೆ. ಆ ಮೆಷಿನ್ನು ಮಡಿಕೆಯನ್ನು ಸ್ವಲ್ಪ ಓರೆಗೆ ಎಳೆದು ಹೊಲಿಯುತ್ತದೆ, ಕಾಲ ಕಳೆದಂತೆ ಅಲ್ಲಿ ಹುರಿ ಹಗ್ಗದಂಥ ಗುರುತು ಬೀಳುತ್ತದೆ. ಚೈನ್ ಸ್ಟಿಚ್ಚಿನ ಒಂದು ತುದಿ ಬಿಚ್ಚಿದರೆ ಪೂರ್ತಿ ಸರ್ರಂತ ಬಂದುಬಿಡುತ್ತದೆ, ತುದಿಗೆ ಗಂಟು ಹಾಕಿಸಿ. ಊರಿಗೆ ವಾಪಸ್ ಬಂದ ಮೇಲೆ ಹೊಲಿಸುವವರು ಸಾದಾ ಮೆಷಿನ್ನಿನಲ್ಲೇ ಹೊಲಿಸಿ, ಹತ್ತಿ ದಾರ ಕೊಟ್ಟು. ಟೈಲರ್ ಪಾಲಿಯೆಸ್ಟರ್ ದಾರ ಹಾಕಿದರೆ ಅದು ಮಾತ್ರ ಬಣ್ಣ ಬಿಡದೆ ಎದ್ದು ಕಾಣುತ್ತದೆ.

ಆಮೇಲೆ ಒಗೆಯುವುದು

ಆರು ತಿಂಗಳು ಒಗೆಯಬಾರದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬೆವರು, ಜಿಡ್ಡು ಕೂತು ಹತ್ತಿ ಬಲ ಕಳೆದುಕೊಳ್ಳುತ್ತದೆ, ತೊಡೆ ಉಜ್ಜುವ ಜಾಗ ಮೊದಲು ಹರಿಯುತ್ತದೆ. ಮೊಣಕಾಲಿನ ಹಿಂದೆ ‘ಹಚಿನೋಸು’ ಬೀಳಲಿ ಅಂತ ಕಾಯುವವರಿದ್ದಾರೆ. ಜೇನುಗೂಡು ಅಂತ ಅರ್ಥ, ಮಡಿಕೆಗಳು ಸವೆದು ಮೂಡುವ ಬಲೆಯಂಥ ಗುರುತು. ಅದು ತಿಂಗಳಿಗೊಮ್ಮೆ ಒಗೆದರೂ ಬೀಳುತ್ತದೆ, ನನ್ನದಕ್ಕೆ ಬಿದ್ದಿದೆ.

ಸಾಬೂನಿನ ವಿಷಯದಲ್ಲಿ ಹುಷಾರು. ಬಿಳಿ ಬಟ್ಟೆ ಹೊಳೆಯುವ ಹಾಗೆ ಮಾಡುವ ಪುಡಿಗಳಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ, ಅದರಿಂದ ನೀಲಿಯ ಛಾಯೆ ಬದಲಾಗಬಹುದು. ಬ್ಲೀಚ್ ಅಂತೂ ಮುಟ್ಟಲೇಬೇಡಿ. ದ್ರವ ಸಾಬೂನು ಕಮ್ಮಿ ಹಾಕಿ. ಜಪಾನಿನ ನೀರು ಮೆದು, ಬೇಗ ಜಾಲಿಸಿಹೋಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಸಾಬೂನು ಬಿಳಿ ಪುಡಿಯಾಗಿ ಮಡಿಕೆಗಳಲ್ಲಿ ಕೂರುತ್ತದೆ, ಒಂದು ಸಲ ಜಾಸ್ತಿ ಜಾಲಿಸಿ. ಮೊದಲ ತಿಂಗಳು ಬಿಳಿ ಶೂ, ತಿಳಿ ಬಣ್ಣದ ಸೋಫಾದಿಂದ ದೂರ ಇರಿ.

ಶಾಂಬ್ರೆ (ಡೆನಿಮ್‌ನಂತೆ ಕಾಣುವ ತೆಳು ಬಟ್ಟೆ) ಅಂಗಿ, ಕೆಲಸಗಾರರ ಕೋಟು ಇವಕ್ಕೂ ಇದೇ ಕ್ರಮ. ಅಲ್ಲಿ ತೋಳಿನ ಉದ್ದ ಕುಗ್ಗುತ್ತದೆ, ಅದಕ್ಕೆ ಕೊಳ್ಳುವಾಗ ತೋಳು ಹೆಬ್ಬೆರಳಿನ ಬುಡ ಮುಟ್ಟುವಷ್ಟು ಇರಲಿ.

ಬಾಟಮ್ ಕತ್ತರಿಸಿದಾಗ ಉಳಿಯುವ ತುಂಡನ್ನು ಅಂಗಡಿಯವರಿಂದ ಕೇಳಿ ತನ್ನಿ. ಪ್ರತಿ ಸಲ ಪ್ಯಾಂಟಿನ ಜೊತೆಗೇ ಒಗೆಯುತ್ತಾ ಇರಿ. ತೊಡೆಸಂದಿಯಲ್ಲಿ ಬಟ್ಟೆ ತೆಳ್ಳಗಾದ ದಿನ ಒಳಗಿನಿಂದ ತೇಪೆ ಹಾಕಿಸಲು ಅದೇ ಮಗ್ಗದ, ಅಷ್ಟೇ ಕುಗ್ಗಿದ ಬಟ್ಟೆ ಕೈಯಲ್ಲಿರುತ್ತದೆ.